ಫೋರ್ಲಿಯಿಂದ ಪ್ರೆದಾಪ್ಪಿಯೊಗೆ 15 ಕಿಲೋಮೀಟರ್

ಎಲ್ಲರಿಗೂ ನಮಸ್ಕಾರ.

ಉತ್ತರ ಇಟಲಿಯಲ್ಲಿ ಫೋರ್ಲಿ ಅಂತ ಒಂದು ಊರಿದೆ. ಅಲ್ಲೊಂದು ಸೈನಿಕ ಸ್ಮಶಾನ, ಎರಡನೇ ಮಹಾಯುದ್ಧದಲ್ಲಿ ಸತ್ತ ಭಾರತೀಯ ಸೈನಿಕರದ್ದು. ಅದರ ಹೆಸರೇ ‘ಇಂಡಿಯನ್ ಆರ್ಮಿ ವಾರ್ ಸೆಮೆಟರಿ’. ಸುಮಾರು 500 ಗೋರಿಗಳಿವೆ. ಪಕ್ಕದಲ್ಲೇ ಇನ್ನೊಂದು ಸ್ಮಾರಕ. ಹಿಂದೂ ಮತ್ತು ಸಿಖ್ ಸೈನಿಕರನ್ನು ಅವರವರ ಪದ್ಧತಿಯಂತೆ ದಹನ ಮಾಡಿದ್ದರಿಂದ ಅವರಿಗೆ ಗೋರಿ ಇಲ್ಲ, ಕಲ್ಲಿನ ಮೇಲೆ ಹೆಸರು ಮಾತ್ರ. ಅಂಥ ಹೆಸರುಗಳು 700ಕ್ಕೂ ಜಾಸ್ತಿ.

ಅಲ್ಲಿಂದ ಗುಡ್ಡದ ಕಡೆ ಸುಮಾರು 15 ಕಿಲೋಮೀಟರ್ ಹೋದರೆ ಪ್ರೆದಾಪ್ಪಿಯೊ ಸಿಗುತ್ತದೆ. ಇಟಲಿಯ ಫ್ಯಾಸಿಸ್ಟ್ ಸರ್ವಾಧಿಕಾರಿ ಮುಸ್ಸೊಲಿನಿ ಹುಟ್ಟಿದ ಊರು. ಅವನ ಗೋರಿಯೂ ಅಲ್ಲೇ. ವರ್ಷಕ್ಕೆ ಮೂರು ಸಲ ಅಲ್ಲಿ ಜಾತ್ರೆಯಂತೆ ಜನ ಸೇರುತ್ತಾರೆ: ಅವನು ಹುಟ್ಟಿದ ದಿನ, ಸತ್ತ ದಿನ, ಮತ್ತು 1922ರಲ್ಲಿ ಅವನ ಪಡೆ ರೋಮ್ ಮೇಲೆ ದಂಡೆತ್ತಿ ಹೋದ ಅಕ್ಟೋಬರ್ 28. ಅವನ ಪಡೆಯವರಂತೆ ಕಪ್ಪು ಅಂಗಿ ಹಾಕಿಕೊಂಡು ಬರುತ್ತಾರೆ, ಫ್ಯಾಸಿಸ್ಟ್ ಸಲಾಮಿಗೆ ಬಲಗೈ ನೆಟ್ಟಗೆ ಚಾಚುತ್ತಾರೆ. ಊರಿನ ಅಂಗಡಿಗಳಲ್ಲಿ ಅವನ ಮುಖದ ಪುತ್ಥಳಿ, ಅವನ ಲೇಬಲ್ ಹಚ್ಚಿದ ವೈನ್ ಬಾಟಲಿ ಸಿಗುತ್ತವೆ. 2022ರಲ್ಲಿ ಆ ದಂಡಯಾತ್ರೆಗೆ ನೂರು ವರ್ಷ ತುಂಬಿದಾಗ ಸಾವಿರಾರು ಜನ ಬಂದಿದ್ದರು.

ಸೋಲಿಸಿದವರು ಇಲ್ಲಿ, ಸೋತವನು ಅಲ್ಲಿ. ಹೂವಿನ ರಾಶಿ ಬೀಳುವುದು ಸೋತವನ ಗೋರಿಗೆ. ಯಾಕೆ ಹೀಗಾಯ್ತು? ಇವತ್ತಿನ ಮಾತು ಅದರ ಬಗ್ಗೆ.

ಇಟಲಿಯ ಕಥೆಯನ್ನು ಬೆಳಗಾವಿಯಲ್ಲಿ ನಿಂತು ಹೇಳಲು ಕಾರಣ ಇದೆ. ನಿಮ್ಮ ಕ್ಯಾಂಪ್ ಪ್ರದೇಶದಲ್ಲೇ ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಇದೆ, 1922ರಿಂದ. ಬೆಳಗ್ಗೆ ಓಡುವ ಹುಡುಗರನ್ನು ನೀವು ದಿನಾ ನೋಡುತ್ತೀರಿ. ಆ ರೆಜಿಮೆಂಟಿನ ಪಡೆಗಳು ಎರಿಟ್ರಿಯಾದ ಕೆರೆನ್‌ನಲ್ಲಿ ಮುಸ್ಸೊಲಿನಿಯ ಸೈನ್ಯದ ವಿರುದ್ಧ ಕಾದಾಡಿದವು. ಆಮೇಲೆ ಇಟಲಿಯಲ್ಲಿ ಹಿಟ್ಲರನ ಸೈನ್ಯದ ವಿರುದ್ಧ. ಇಟಲಿಗೆ ಹೋದ ಭಾರತೀಯ ಸೈನಿಕರು ಸುಮಾರು 50,000. ತಿರುಗಿ ಬಾರದವರು 5,700ಕ್ಕೂ ಹೆಚ್ಚು.

ಅವರಲ್ಲಿ ಒಬ್ಬನ ವಿಷಯ ಹೇಳುತ್ತೇನೆ. ನಾಯಕ್ ಯಶವಂತ ಘಾಡ್ಗೆ, ಈಗಿನ ರಾಯಗಡ ಜಿಲ್ಲೆಯವನು. ವಯಸ್ಸು 22. 1944ರ ಜುಲೈ 10ರಂದು ಟೈಬರ್ ನದಿಯ ಮೇಲ್ಕಣಿವೆಯಲ್ಲಿ ಅವನ ತುಕಡಿಯ ಮೇಲೆ ತೀರಾ ಹತ್ತಿರದಿಂದ ಮೆಷಿನ್‌ಗನ್ ಗುಂಡು ಬಿತ್ತು. ಇವನೊಬ್ಬನನ್ನು ಬಿಟ್ಟು ಉಳಿದವರೆಲ್ಲ ಸತ್ತರು, ಇಲ್ಲವೇ ಗಾಯಗೊಂಡರು. ಘಾಡ್ಗೆ ನೇರ ಗನ್ನಿನ ಕಡೆಗೇ ಓಡಿದ. ಗ್ರೆನೇಡ್ ಎಸೆದು ಗನ್ನನ್ನೂ ಅದನ್ನು ನಡೆಸುತ್ತಿದ್ದವನನ್ನೂ ಮುಗಿಸಿದ. ಇನ್ನೊಬ್ಬನಿಗೆ ಗುಂಡು ಹೊಡೆದ. ಮ್ಯಾಗಜಿನ್ ಬದಲಿಸಲು ಪುರುಸೊತ್ತಿಲ್ಲ. ಬಂದೂಕಿನ ನಳಿಗೆ ಹಿಡಿದು ಉಳಿದಿಬ್ಬರನ್ನು ಅದರಿಂದಲೇ ಬಡಿದ. ಅಷ್ಟರಲ್ಲಿ ಮರೆಯಲ್ಲಿದ್ದವರ ಗುಂಡು ಎದೆಗೂ ಬೆನ್ನಿಗೂ ತಗುಲಿತು. ತಾನು ಹಿಡಿದ ಜಾಗದಲ್ಲೇ ಸತ್ತ. ಬ್ರಿಟಿಷರ ಅತಿ ದೊಡ್ಡ ಶೌರ್ಯಪದಕ ವಿಕ್ಟೋರಿಯಾ ಕ್ರಾಸ್ ಬಂತು, ಆದರೆ ದೇಹ ಸಿಗಲಿಲ್ಲ. ಹೆಸರು ಕಸ್ಸೀನೊ ಸ್ಮಾರಕದ ಮೇಲಿದೆ.

2023ರಲ್ಲಿ ಅಲ್ಲಿನ ಮೊಂತೊನೆ ಎಂಬ ಊರಿನವರು ಅವನ ನೆನಪಿಗೆ ಒಂದು ನೆರಳು ಗಡಿಯಾರ ನಿಲ್ಲಿಸಿದರು. ‘ನಾವೆಲ್ಲರೂ ಒಂದೇ ಸೂರ್ಯನ ಕೆಳಗೆ’ ಅನ್ನುವುದು ಅದರ ಧ್ಯೇಯವಾಕ್ಯ. ವಾಕ್ಯ ಚೆನ್ನಾಗಿದೆ. ಆದರೆ ನನಗೆ ಸ್ವಲ್ಪ ಕಸಿವಿಸಿ. ಘಾಡ್ಗೆಯನ್ನು ಕೊಂದವರೂ ಅದೇ ಸೂರ್ಯನ ಕೆಳಗೇ ಇದ್ದರು, ಅಲ್ವಾ?

ಆ ಊರಿನವರನ್ನು ದೂರುತ್ತಿಲ್ಲ. 79 ವರ್ಷಗಳ ನಂತರ ಹೊರಗಿನ ಹುಡುಗನೊಬ್ಬನನ್ನು ನೆನೆಯುವುದು ಸಣ್ಣ ಮಾತಲ್ಲ. ನನ್ನ ತಕರಾರು ನಮ್ಮೆಲ್ಲರ ಒಂದು ಅಭ್ಯಾಸದ ಬಗ್ಗೆ. ಸತ್ತವರನ್ನು ನೆನೆಯುವಾಗ ಅವರ ಶೌರ್ಯವನ್ನಷ್ಟೇ ನೆನೆಯುತ್ತೇವೆ. ಯಾವುದರ ವಿರುದ್ಧ ಸತ್ತರು ಅನ್ನುವುದನ್ನು ಮರ್ಯಾದೆಗೋ ಸಂಕೋಚಕ್ಕೋ ಬಿಟ್ಟುಬಿಡುತ್ತೇವೆ. ಬರೀ ಶೌರ್ಯವನ್ನು ಯಾರು ಬೇಕಾದರೂ ಎತ್ತಿಕೊಂಡು ಹೋಗಬಹುದು. ಕಪ್ಪಂಗಿಯವರೂ.

2018ರ ಫೆಬ್ರವರಿಯಲ್ಲಿ ಮಾಚೆರಾತಾ ಎಂಬ ಊರಿನಲ್ಲಿ ನಡೆದದ್ದು ನೋಡಿ. ಒಬ್ಬ ಯುವಕ ಕಾರಿನಲ್ಲಿ ಸುತ್ತುತ್ತಾ, ಬೀದಿಯಲ್ಲಿ ಕಂಡ ಆಫ್ರಿಕಾದ ವಲಸಿಗರ ಮೇಲೆ ಗುಂಡು ಹಾರಿಸಿದ. ಆರು ಜನ ಗಾಯಗೊಂಡರು. ಆಮೇಲೆ ಅವನು ಓಡಿಹೋಗಲಿಲ್ಲ. ಊರಿನ ಯುದ್ಧಸ್ಮಾರಕದ ಮೆಟ್ಟಿಲು ಹತ್ತಿದ. ಹೆಗಲಿಗೆ ದೇಶದ ಬಾವುಟ ಹೊದ್ದು, ಕೈಚಾಚಿ ಫ್ಯಾಸಿಸ್ಟ್ ಸಲಾಮು ಹೊಡೆದ. ಹುತಾತ್ಮರನ್ನು ಅವನು ಮರೆತಿರಲಿಲ್ಲ ಅನ್ನುವುದನ್ನು ಗಮನಿಸಿ. ಅವರು ತನ್ನವರು ಅಂತಲೇ ಅವನು ನಂಬಿದ್ದ.

‘ಜನ ಮರೆತುಬಿಟ್ಟರು, ಅದಕ್ಕೇ ಫ್ಯಾಸಿಸಂ ವಾಪಸ್ ಬಂತು’ ಅನ್ನುವ ಮಾತನ್ನು ನಾನು ಪೂರ್ತಿ ಒಪ್ಪದಿರುವುದು ಇದಕ್ಕೇ. ಮರೆವು ಇದೆ, ನಿಜ. ಆದರೆ ತಪ್ಪಾಗಿ ನೆನೆಯುವುದೂ ಒಂದಿದೆ. ಅದರ ಕೆಲಸ ಇನ್ನೂ ಜೋರು.

ಮಾರ್ಷಲ್ ರೊಡಾಲ್ಫೊ ಗ್ರಾತ್ಸಿಯಾನಿಯ ಕಥೆಗೆ ಬರೋಣ. ಇದು ನಮಗೂ ತಾಗುವ ಕಥೆ. ಇಥಿಯೋಪಿಯಾವನ್ನು ಇಟಲಿ ಆಕ್ರಮಿಸಿದ ಮೇಲೆ ಇವನು ಅಲ್ಲಿನ ವೈಸರಾಯ್ ಆದ. 1937ರ ಫೆಬ್ರವರಿ 19ರಂದು ಅಡಿಸ್ ಅಬಾಬಾದಲ್ಲಿ ಅವನ ಮೇಲೆ ಗ್ರೆನೇಡ್ ಬಿತ್ತು, ಬದುಕಿದ. ಅದಕ್ಕೆ ಪ್ರತೀಕಾರವಾಗಿ ಮೂರು ದಿನ ಊರಿನ ಜನರನ್ನು ಕೊಂದು ಹಾಕಿದರು. ಸತ್ತವರು ಸಾವಿರಾರು. ಎಷ್ಟು ಸಾವಿರ ಅನ್ನುವ ವಾದ ಇನ್ನೂ ಮುಗಿದಿಲ್ಲ. ಮೇ ತಿಂಗಳಲ್ಲಿ ದೆಬ್ರೆ ಲಿಬಾನೋಸ್ ಮಠದ ನೂರಾರು ಸನ್ಯಾಸಿಗಳನ್ನು ಸಾಲಾಗಿ ನಿಲ್ಲಿಸಿ ಗುಂಡಿಟ್ಟರು.

1940ರಲ್ಲಿ ಇದೇ ಗ್ರಾತ್ಸಿಯಾನಿ ಲಿಬಿಯಾದಲ್ಲಿ ಇಟಲಿ ಸೈನ್ಯದ ಮುಖ್ಯಸ್ಥ. ಈಜಿಪ್ಟಿನೊಳಕ್ಕೆ ನುಗ್ಗಿ ಸಿದಿ ಬರ್ರಾನಿಯಲ್ಲಿ ಅವನ ಸೈನ್ಯ ಬೀಡುಬಿಟ್ಟಿತು. ಡಿಸೆಂಬರ್ 9ರ ಬೆಳಗ್ಗೆ ನಮ್ಮ 4ನೇ ಭಾರತೀಯ ಡಿವಿಷನ್ ನಿಬೇವಾ ಶಿಬಿರಕ್ಕೆ ಹಿಂಬದಿಯಿಂದ ನುಗ್ಗಿತು. ಅಲ್ಲಿಂದ ಎರಡು ತಿಂಗಳಲ್ಲಿ ಅವನ ಸೈನ್ಯ ಪೂರ್ತಿ ಕುಸಿಯಿತು. ಸೆರೆ ಸಿಕ್ಕವರು ಒಂದು ಲಕ್ಷ ದಾಟಿದರು. ಆಫ್ರಿಕಾದಲ್ಲಿ ಸೆರೆಸಿಕ್ಕ ಇಟಲಿ ಸೈನಿಕರಲ್ಲಿ ಸಾವಿರಾರು ಜನ ಹಡಗು ಹತ್ತಿ, ರೈಲು ಹತ್ತಿ ಬಂದದ್ದೆಲ್ಲಿಗೆ ಗೊತ್ತಾ? ಬೆಂಗಳೂರಿಗೆ. ಜಾಲಹಳ್ಳಿ ಕಡೆಯ ಶಿಬಿರಗಳಲ್ಲಿ ಮುಸ್ಸೊಲಿನಿಯ ಸೈನಿಕರು ವರ್ಷಗಟ್ಟಲೆ ಇದ್ದರು. ಈಗ ಅಲ್ಲಿ ಮೆಟ್ರೋ ನಿಲ್ದಾಣ ಇದೆ, ಅದು ಬೇರೆ ವಿಷಯ.

ಗ್ರಾತ್ಸಿಯಾನಿ ಏನಾದ? 1943ರ ಸೆಪ್ಟೆಂಬರಿನಲ್ಲಿ ಇಟಲಿ ಸರ್ಕಾರ ಶರಣಾಯಿತು. ಜರ್ಮನರು ಬಂದು ದೇಶ ಹಿಡಿದರು. ಮುಸ್ಸೊಲಿನಿಯನ್ನು ಸಾಲೊ ಎಂಬಲ್ಲಿ ಬೊಂಬೆಯಂತೆ ಕೂರಿಸಿದರು. ಆ ಬೊಂಬೆ ಸರ್ಕಾರದಲ್ಲಿ ಗ್ರಾತ್ಸಿಯಾನಿ ರಕ್ಷಣಾ ಮಂತ್ರಿ. ಯುದ್ಧ ಮುಗಿದ ಮೇಲೆ, 1950ರಲ್ಲಿ, ಅವನಿಗೆ 19 ವರ್ಷ ಶಿಕ್ಷೆ ಆಯಿತು. ಅದೂ ಜರ್ಮನರ ಜೊತೆ ಸೇರಿದ್ದಕ್ಕೆ, ಇಥಿಯೋಪಿಯಾದ ಹೆಣಗಳಿಗಲ್ಲ. ಕೆಲವೇ ತಿಂಗಳಲ್ಲಿ ಬಿಡುಗಡೆ. ಆಮೇಲೆ ನವ-ಫ್ಯಾಸಿಸ್ಟ್ ಪಕ್ಷಕ್ಕೆ ಗೌರವಾಧ್ಯಕ್ಷ. 1955ರಲ್ಲಿ ಹಾಸಿಗೆಯಲ್ಲಿ ಸತ್ತ. 2012ರಲ್ಲಿ ಅಫೀಲೆ ಎಂಬ ಹಳ್ಳಿಯಲ್ಲಿ ಅವನಿಗೊಂದು ಸ್ಮಾರಕ ಕಟ್ಟಿದರು. ಸರ್ಕಾರಿ ದುಡ್ಡು, 1,27,000 ಯೂರೊ. ಅದರ ಮೇಲೆ ಕೆತ್ತಿದ್ದು ‘ದೇಶ’, ‘ಗೌರವ’ ಅಂತ.

ಅವನನ್ನು ಸೋಲಿಸಿದವರ ಮೊಮ್ಮಕ್ಕಳು ನಾವು. ನಮ್ಮ ಎಷ್ಟು ಶಾಲೆಯ ಪುಸ್ತಕಗಳಲ್ಲಿ ಸಿದಿ ಬರ್ರಾನಿ ಇದೆ?

ಇಲ್ಲಿ ಯಾರಾದರೂ ಎದ್ದು ಕೇಳಬಹುದು: ‘ಸಾರ್, ಅವರು ಬ್ರಿಟಿಷರ ಸಂಬಳದ ಸಿಪಾಯಿಗಳಲ್ಲವೇ? ಫ್ಯಾಸಿಸಂ ಅಂದರೆ ಏನು ಅಂತ ಅವರಿಗೆ ಗೊತ್ತಿತ್ತೇ?’ ನ್ಯಾಯವಾದ ಪ್ರಶ್ನೆ. ಬಹುಪಾಲು ಜನ ಹೋದದ್ದು ಸಂಬಳಕ್ಕೆ, ಮನೆತನದ ರೂಢಿಗೆ, ಹೊಟ್ಟೆಪಾಡಿಗೆ. ಅವರು ಇಟಲಿಗೆ ಕಾಲಿಟ್ಟ 1943ರಲ್ಲೇ ಬಂಗಾಳದಲ್ಲಿ ಬರದಿಂದ ಲಕ್ಷಗಟ್ಟಲೆ ಜನ ಸಾಯುತ್ತಿದ್ದರು. ಅದಕ್ಕೆ ಬ್ರಿಟಿಷ್ ಸರ್ಕಾರದ ನಡತೆಯೂ ಕಾರಣ. ಗಾಂಧಿ, ನೆಹರೂ ಜೈಲಿನಲ್ಲಿದ್ದರು. ಇನ್ನೊಬ್ಬರನ್ನು ಬಿಡಿಸಲು ಹೋದವರ ಊರಿಗೇ ಸ್ವಾತಂತ್ರ್ಯ ಇರಲಿಲ್ಲ. ಇದನ್ನು ಮುಚ್ಚಿಟ್ಟು ಮಾಡುವ ಸ್ಮರಣೆ ಸುಮ್ನೆ ಬ್ಯಾಂಡ್ ಬಾರಿಸಿದ ಹಾಗೆ.

ಹಾಗಂತ ಆ ಕಾಲದವರಿಗೆ ಫ್ಯಾಸಿಸಂ ಗೊತ್ತೇ ಇರಲಿಲ್ಲ ಅನ್ನಬೇಡಿ. ಹೆಂಡತಿ ಕಮಲಾ ತೀರಿಕೊಂಡ ಮೇಲೆ, 1936ರ ಮಾರ್ಚಿನಲ್ಲಿ, ನೆಹರೂ ವಿಮಾನದಲ್ಲಿ ಭಾರತಕ್ಕೆ ಹೊರಟಿದ್ದರು. ರೋಮ್‌ನಲ್ಲಿ ಇಳಿದಾಗ ಮುಸ್ಸೊಲಿನಿ ಭೇಟಿಗೆ ಕರೆ ಕಳಿಸಿದ. ಇಥಿಯೋಪಿಯಾ ಮೇಲಿನ ಯುದ್ಧ ನಡೆಯುತ್ತಿದ್ದ ಸಮಯ ಅದು. ಅಧಿಕಾರಿಗಳು ಎಷ್ಟು ಒತ್ತಾಯಿಸಿದರೂ ನೆಹರೂ ಒಪ್ಪಲಿಲ್ಲ. ಸುಭಾಷ್‌ಚಂದ್ರ ಬೋಸರು ಬೇರೆ ಲೆಕ್ಕ ಹಾಕಿದರು, ಮುಸ್ಸೊಲಿನಿಯನ್ನು ಭೇಟಿಯೂ ಆದರು. ಇಬ್ಬರೂ ದೇಶಕ್ಕಾಗಿಯೇ ಯೋಚಿಸಿದರು. ಆದರೆ ಆ ಮನುಷ್ಯನನ್ನು ಅಳೆದದ್ದರಲ್ಲಿ ನೆಹರೂ ಸರಿ ಅಂತ ನನ್ನ ಅಭಿಪ್ರಾಯ.

ಯಾಕೆ ಸೋತ ಮನುಷ್ಯನ ಗೋರಿಗೆ ಹೂವು ಅಂತ ಕೇಳಿದ್ದೆ. ಒಂದು ಉತ್ತರ ರೋಮ್‌ನ ಒಂದು ಬೀರುವಿನಲ್ಲಿದೆ. 1944ರ ಸೆಪ್ಟೆಂಬರ್ 29ರಿಂದ ಅಕ್ಟೋಬರ್ 5ರವರೆಗೆ ಮಾರ್ತ್ಸಬೊತ್ತೊ ಸುತ್ತಲಿನ ಮೊಂತೆ ಸೋಲೆ ಗುಡ್ಡಗಳಲ್ಲಿ ಹಿಟ್ಲರನ ಎಸ್‌ಎಸ್ ಪಡೆ ಸುಮಾರು 770 ಜನರನ್ನು ಕೊಂದಿತು. ಹೆಂಗಸರು, ಮುದುಕರು, 200ಕ್ಕೂ ಹೆಚ್ಚು ಮಕ್ಕಳು. ಇಂಥ ಹತ್ಯೆಗಳು ನೂರಾರು ಊರುಗಳಲ್ಲಿ ನಡೆದವು. ಯುದ್ಧ ಮುಗಿದ ಮೇಲೆ ಸಾಕ್ಷಿ ಬರೆದುಕೊಂಡರು, ಕಡತ ಮಾಡಿದರು. ಅಷ್ಟರಲ್ಲಿ ಶೀತಲ ಸಮರ ಶುರುವಾಯಿತು, ಪಶ್ಚಿಮ ಜರ್ಮನಿ ಮಿತ್ರದೇಶವಾಯಿತು. 1960ರಲ್ಲಿ ಕಡತಗಳಿಗೆ ‘ತಾತ್ಕಾಲಿಕ ಮುಕ್ತಾಯ’ ಅಂತ ಮುದ್ರೆ ಒತ್ತಿ ಬೀರುವಿಗೆ ಹಾಕಿದರು. ಬೀರುವನ್ನು ಸೈನಿಕ ಪ್ರಾಸಿಕ್ಯೂಟರ್ ಕಚೇರಿಯಲ್ಲಿ, ಬಾಗಿಲು ಗೋಡೆಯ ಕಡೆಗೆ ತಿರುಗಿಸಿ ಇಟ್ಟರು. 1994ರಲ್ಲಿ ಬೇರೇನೋ ಹುಡುಕುವಾಗ ಅದು ಸಿಕ್ಕಿತು. ಒಳಗೆ 695 ಕಡತ. ಮೊಂತೆ ಸೋಲೆಯ ಹತ್ತು ಮಂದಿಗೆ ಶಿಕ್ಷೆ ಘೋಷಣೆಯಾದದ್ದು 2007ರಲ್ಲಿ, ಅದೂ ಅವರ ಗೈರುಹಾಜರಿಯಲ್ಲಿ.

ಕೊಂದವನ ಹೆಸರನ್ನು ಕೋರ್ಟು ಹೇಳದಿದ್ದರೆ ಊರು ಏನು ಹೇಳುತ್ತದೆ? ‘ಯುದ್ಧ ಅಂದರೆ ಹಾಗೇ, ಎರಡೂ ಕಡೆ ಸತ್ತರು’ ಅನ್ನುತ್ತದೆ. 2017ರಲ್ಲಿ ಅದೇ ಮಾರ್ತ್ಸಬೊತ್ತೊದಲ್ಲಿ ಒಂದು ಸಣ್ಣ ಫುಟ್‌ಬಾಲ್ ಪಂದ್ಯ. ಗೋಲು ಹೊಡೆದ ಹುಡುಗನೊಬ್ಬ ಜೆರ್ಸಿ ತೆಗೆದ. ಒಳಗೆ ಕಪ್ಪು ಟೀಶರ್ಟ್, ಅದರ ಮೇಲೆ ಸಾಲೊ ಸರ್ಕಾರದ ಬಾವುಟ. ಕೈ ಚಾಚಿ ಸಲಾಮು ಹೊಡೆದ. ಬೇಕೆಂದೇ ಮಾಡಿದನೋ ಗೊತ್ತಿಲ್ಲದೆ ಮಾಡಿದನೋ ಅಂತ ಜನ ಚರ್ಚೆ ಮಾಡಿದರು. ಟೀಶರ್ಟ್ ಅಂತೂ ಮನೆಯಿಂದಲೇ ಹಾಕಿಕೊಂಡು ಬಂದಿದ್ದ.

ಒಂದು ಮಾತು ನೇರವಾಗಿ ಹೇಳಬೇಕು. ಈಗ ಇಟಲಿ ಆಳುತ್ತಿರುವ ಮೆಲೋನಿಯವರ ಪಕ್ಷದ ಚಿಹ್ನೆಯಲ್ಲಿ, 1946ರಲ್ಲಿ ಮುಸ್ಸೊಲಿನಿಯ ಅನುಯಾಯಿಗಳು ಕಟ್ಟಿದ ಪಕ್ಷದ ಜ್ವಾಲೆ ಇನ್ನೂ ಉರಿಯುತ್ತಿದೆ. ತಮಗೆ ಫ್ಯಾಸಿಸಂ ಬಗ್ಗೆ ಯಾವತ್ತೂ ಒಲವಿರಲಿಲ್ಲ ಅಂತ ಅವರು 2022ರಲ್ಲಿ ಸಂಸತ್ತಿನಲ್ಲಿ ಹೇಳಿದ್ದಾರೆ. ಅವರ ಸರ್ಕಾರವೂ ಕಪ್ಪಂಗಿಯವರ ಗುಂಪೂ ಒಂದೇ ಅನ್ನುವುದು ಸೋಮಾರಿತನ. ಚುನಾವಣೆ ಗೆದ್ದು ಬಂದವರು ಅವರು. ಅವರಿಗೆ ವೋಟು ಹಾಕಿದವರಲ್ಲಿ ಹೆಚ್ಚಿನವರ ತಲೆಯಲ್ಲಿದ್ದದ್ದು ಕರೆಂಟ್ ಬಿಲ್ಲು, ಕೆಲಸ, ವಲಸೆ. ಆದರೆ 2024ರ ಜನವರಿಯಲ್ಲಿ ರೋಮ್‌ನ ಬೀದಿಯೊಂದರಲ್ಲಿ ನೂರಾರು ಜನ ಒಟ್ಟಿಗೆ ಕೈ ಚಾಚಿದ ವಿಡಿಯೊ ಬಂತು. ಆ ಧೈರ್ಯ ಎಲ್ಲಿಂದ ಬಂತು ಅಂತ ಕೇಳುವ ಹಕ್ಕು ಎಲ್ಲರಿಗೂ ಇದೆ.

ನಾವು ನಗುವ ಸ್ಥಿತಿಯಲ್ಲೇನೂ ಇಲ್ಲ. ಹಿಟ್ಲರನ ಆತ್ಮಕಥೆ ನಮ್ಮ ಫುಟ್‌ಪಾತುಗಳಲ್ಲಿ ಮ್ಯಾನೇಜ್‌ಮೆಂಟ್ ಪುಸ್ತಕಗಳ ಪಕ್ಕ ಆರಾಮಾಗಿ ಮಾರಾಟವಾಗುತ್ತದೆ. ‘ಏನೇ ಹೇಳಿ, ಶಿಸ್ತು ಇತ್ತು ನೋಡಿ’ ಅನ್ನುವವರು ನನ್ನ ನೆಂಟರಲ್ಲೇ ಇದ್ದಾರೆ. ಅವರಿಗೆ ನಾನು ಹೇಳುವುದು ಒಂದೇ: ಆ ಶಿಸ್ತಿನ ಗುಂಡು ತಿಂದವರಲ್ಲಿ ಬೆಳಗಾವಿಯ ಪರೇಡ್ ಮೈದಾನದ ಹುಡುಗರೂ ಇದ್ದರು.

ಈಗ ಕೆಲಸದ ಮಾತು. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ವೆಬ್‌ಸೈಟಿನಲ್ಲಿ ಸತ್ತ ಸೈನಿಕರ ಹೆಸರು ಹುಡುಕಬಹುದು, ದುಡ್ಡು ಕೊಡಬೇಕಿಲ್ಲ. ಎಷ್ಟೋ ನಮೂದುಗಳಲ್ಲಿ ತಂದೆಯ ಹೆಸರು, ಹೆಂಡತಿಯ ಹೆಸರು, ಊರು ಇರುತ್ತದೆ. ಊರಿನ ಹೆಸರನ್ನು ಬ್ರಿಟಿಷರ ಕಾಲದ ಸ್ಪೆಲ್ಲಿಂಗಿನಲ್ಲಿ ಹಾಕಿ: ‘ಬೆಳಗಾಂ’, ‘ಧಾರವಾರ್’. ವಿದ್ಯಾರ್ಥಿಗಳು ನಿಮ್ಮ ತಾಲೂಕಿನ ಹೆಸರುಗಳನ್ನು ಬರೆದುಕೊಳ್ಳಿ. ಎಲ್ಲಿ ಸತ್ತ, ಯಾವ ದಿನ, ಎದುರಿಗಿದ್ದ ಸೈನ್ಯ ಯಾವುದು ಅನ್ನುವುದನ್ನೂ ಪಕ್ಕದಲ್ಲೇ ಬರೆಯಿರಿ. ಮನೆಯಲ್ಲಿ ಹಳೆಯ ಪದಕ, ಪೆನ್ಶನ್ ಕಾಗದ ಇದ್ದವರು ಫೋಟೊ ತೆಗೆದು ಈ ವಿದ್ಯಾರ್ಥಿಗಳಿಗೆ ಕೊಡಿ. ಮೂಲ ಕಾಗದ ಮಾತ್ರ ಯಾರ ಕೈಗೂ ಕೊಡಬೇಡಿ.

ಪ್ರಶ್ನೆಗಳಿಗೆ ಅರ್ಧ ಗಂಟೆ ಇದೆ. ಸುಭಾಷ್ ಬಾಬು ಬಗ್ಗೆ ಜಗಳ ಆಡುವವರು ಮೊದಲು ಕೈ ಎತ್ತಿ, ಅದಕ್ಕೆ ಜಾಸ್ತಿ ಹೊತ್ತು ಬೇಕಾಗುತ್ತದೆ.