ಜುಲೈ ಬಿಸಿಲಿನಲ್ಲಿ ಬೀಳುವ ಕ್ರಿಸ್‌ಮಸ್ ಹಿಮ

(ತೆರೆಯ ಮೇಲೆ: ಹಿಮ ಮುಚ್ಚಿದ ಪುಟ್ಟ ಊರಿನ ಬೀದಿ, ಅಂಗಡಿಗಳ ಮುಂದೆ ದೀಪದ ಸರ)

ನಮಸ್ಕಾರ. ಕೆನಡಾದಲ್ಲಿರುವ ಮಗಳ ಮನೆಗೆ ಹೋಗಿ ಬಂದ ವೀಕ್ಷಕರೊಬ್ಬರು ಕೇಳಿದ್ದಾರೆ: “ಡಿಸೆಂಬರಿನಲ್ಲಿ ಅಲ್ಲಿ ಟಿವಿ ಹಾಕಿದರೆ ದಿನಕ್ಕೊಂದು ಕ್ರಿಸ್‌ಮಸ್ ಸಿನಿಮಾ. ಹೆಸರು ಬೇರೆ, ನಟರು ಬೇರೆ, ಕಥೆ ಮಾತ್ರ ಒಂದೇ. ಅದು ಹೇಗೆ?” ಈ ಪ್ರಶ್ನೆಯ ಬೆನ್ನು ಹತ್ತಿ ನಾನು ಒಂದು ವಾರ ಕಳೆದಿದ್ದೇನೆ.

ಕಥೆ ಗೊತ್ತಿಲ್ಲದವರಿಗೆ ಬೇಗ ಹೇಳಿಬಿಡುತ್ತೇನೆ. ಮಹಾನಗರದಲ್ಲಿ ದೊಡ್ಡ ಹುದ್ದೆಯಲ್ಲಿರುವ ಹುಡುಗಿ ಹಬ್ಬದ ಹೊತ್ತಿಗೆ ಸಣ್ಣ ಊರಿಗೆ ಬರುತ್ತಾಳೆ. ಅಲ್ಲಿ ಒಂದು ಬೇಕರಿಯೋ ಹಳೆಯ ವಸತಿಗೃಹವೋ ಬಾಗಿಲು ಮುಚ್ಚುವ ಹಂತದಲ್ಲಿರುತ್ತದೆ. ಚೌಕುಳಿ ಅಂಗಿ ತೊಟ್ಟ ಊರ ಹುಡುಗನೊಂದಿಗೆ ಮೊದಲು ಜಗಳ, ಆಮೇಲೆ ಸ್ನೇಹ, ನಡುವೆ ಒಂದು ತಪ್ಪು ತಿಳಿವಳಿಕೆ, ಕೊನೆಗೆ ಸುರಿಯುವ ಹಿಮದ ಕೆಳಗೆ ಒಂದು ಮುತ್ತು.

ಇಂಥ ಚಿತ್ರಗಳಿಗೆ ಹೆಸರಾದದ್ದು ಅಮೆರಿಕದ ಹಾಲ್‌ಮಾರ್ಕ್ ವಾಹಿನಿ. ಅದರ ಬೇರು ಶುಭಾಶಯ ಪತ್ರದ ವ್ಯಾಪಾರದಲ್ಲಿದೆ. 1910ರಲ್ಲಿ ಜಾಯ್ಸ್ ಹಾಲ್ ಎಂಬ 18 ವರ್ಷದ ಹುಡುಗ ಎರಡು ಶೂ ಪೆಟ್ಟಿಗೆಗಳ ತುಂಬ ಚಿತ್ರದ ಪೋಸ್ಟ್‌ಕಾರ್ಡ್ ಹಿಡಿದು ಕಾನ್ಸಾಸ್ ಸಿಟಿಗೆ ಬಂದಿಳಿದ. ನನಗೆ ಇಡೀ ಒಗಟಿನ ಬೀಗ ತೆಗೆದದ್ದು ಆ ಪೆಟ್ಟಿಗೆಗಳೇ. ಮದುವೆಯ ಶುಭಾಶಯ ಪತ್ರವನ್ನು ಯಾರೂ ಹೊಸ ಸುದ್ದಿಗಾಗಿ ತೆರೆಯುವುದಿಲ್ಲ. ಒಳಗೆ ಏನಿದೆ ಎಂಬುದು ಗೊತ್ತು, ಯಾರು ಕಳಿಸಿದರು ಎಂಬುದು ಮುಖ್ಯ. ಚಕ್ರವ್ಯೂಹದಿಂದ ಅಭಿಮನ್ಯು ಹೊರಬರುವುದಿಲ್ಲ ಎಂದು ತಿಳಿದೇ ನಮ್ಮವರು ಬೆಳಗಿನವರೆಗೆ ಬಯಲಾಟ ನೋಡುವುದಿಲ್ಲವೇ? ಭಾಗವತರು ಆ ಪದವನ್ನು ಇವತ್ತು ಹೇಗೆ ಎತ್ತುತ್ತಾರೆ ಎಂಬುದಕ್ಕಾಗಿ ಕುಳಿತಿರುತ್ತಾರೆ.

(ತೆರೆಯ ಮೇಲೆ: 1 ರಿಂದ 9ರವರೆಗೆ ಅಂಕೆಗಳು)

ಇನ್ನು ಕಥೆಯ ಅಳತೆ. ನಮ್ಮ ಚಿತ್ರಮಂದಿರದಲ್ಲಿ ಒಂದೇ ಮಧ್ಯಂತರ. ಇಲ್ಲಿ ಎರಡು ಗಂಟೆಯ ಅವಧಿಗೆ ಸುಮಾರು ಒಂದೂವರೆ ಗಂಟೆಯ ಚಿತ್ರ, ಉಳಿದದ್ದು ಜಾಹೀರಾತು. ಹಾಗಾಗಿ ಚಿತ್ರಕಥೆಯನ್ನು 9 ಅಂಕಗಳಾಗಿ ಕತ್ತರಿಸಿ ಬರೆಯುತ್ತಾರೆ. ಪ್ರತಿ ಅಂಕದ ತುದಿಯಲ್ಲೂ ನೋಡುಗರು ಎದ್ದು ಹೋಗದಂತೆ ಒಂದು ಕೊಕ್ಕೆ ಬೇಕು. ಇಬ್ಬರ ಮುಖಗಳು ಹತ್ತಿರವಾಗುತ್ತವೆ, ಅಷ್ಟರಲ್ಲಿ ಓವನ್ ಗಂಟೆ ಹೊಡೆಯುತ್ತದೆ, ಇಲ್ಲವೇ ಮಗುವೊಂದು ಓಡಿ ಬರುತ್ತದೆ. ಮುತ್ತು ಅಲ್ಲೇ ಮುಗಿದುಬಿಟ್ಟರೆ ಮುಂದಿನ ಅರ್ಧ ಗಂಟೆಗೆ ಯಾರು ಕಾಯುತ್ತಾರೆ?

ಈಗ ನನಗೆ ಅತ್ಯಂತ ಇಷ್ಟವಾದ ಭಾಗ: ಹಿಮ.

ಪ್ರಸಾರ ಅಕ್ಟೋಬರಿನಲ್ಲೇ ಶುರುವಾಗುವುದರಿಂದ ಬಹಳಷ್ಟು ಚಿತ್ರೀಕರಣ ಬೇಸಿಗೆಯಲ್ಲಿ ನಡೆಯುತ್ತದೆ, ಅದೂ ಹೆಚ್ಚಾಗಿ ಕೆನಡಾದಲ್ಲಿ. ಜುಲೈ ಬಿಸಿಲು, ಮೈಮೇಲೆ ಉಣ್ಣೆಯ ಕೋಟು, ಕತ್ತಿಗೆ ಸ್ಕಾರ್ಫ್, ಕೈಗೆ ಗವಸು. ಆ ಬೀದಿಗೆ ಒಂದೇ ಬಗೆಯ ಹಿಮ ಸಾಲದು. ದೂರದ ಸೂರು, ಹುಲ್ಲುಹಾಸಿನ ಮೇಲೆ ಬಿಳಿಯ ಹತ್ತಿ ಹಾಸು. ಗಾಳಿಯಲ್ಲಿ ತೇಲಿ ಬೀಳುವುದು ಯಂತ್ರ ಊದುವ ನೊರೆ. ನಾಯಕಿಯ ಬೂಟು ‘ಕರಕರ’ ಎನ್ನಬೇಕಾದ ಕಡೆ ಮಾತ್ರ ಪುಡಿ ಮಾಡಿದ ನಿಜವಾದ ಮಂಜುಗಡ್ಡೆ. ಅದು ಬಿಸಿಲಿಗೆ ಕರಗಿ ಹರಿಯುವ ಮೊದಲೇ ದೃಶ್ಯ ಮುಗಿಸಬೇಕು. ಹಣೆಯ ಬೆವರು ಒರೆಸಿಕೊಂಡು, ಕ್ಯಾಮೆರಾ ತಿರುಗುತ್ತಿದ್ದಂತೆ ಹೆಗಲು ಕುಗ್ಗಿಸಿ ನಡುಗಬೇಕು! ಇಡೀ ಚಿತ್ರ ಮುಗಿಯುವುದು ಎರಡು ಮೂರು ವಾರಗಳಲ್ಲಿ. ‘ಸುಲಭದ ಸಿನಿಮಾ’ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಸಮಯ ಮೀರುತ್ತಿದೆ, ಉಳಿದದ್ದನ್ನು ಒಟ್ಟಿಗೇ ಹೇಳುತ್ತೇನೆ. ವಾಹಿನಿಯ ‘ಕೌಂಟ್‌ಡೌನ್ ಟು ಕ್ರಿಸ್‌ಮಸ್’ ಆರಂಭವಾದದ್ದು 2009ರಲ್ಲಿ. ಹತ್ತು ವರ್ಷಗಳಲ್ಲಿ, ಅಂದರೆ 2019ಕ್ಕೆ, ಅದರ ಸೋದರ ವಾಹಿನಿಯದ್ದೂ ಸೇರಿ ಒಂದೇ ಹಬ್ಬಕ್ಕೆ 40 ಹೊಸ ಚಿತ್ರಗಳು. ಕೆನಡಾಕ್ಕೆ ಹೋಗಲು ಅಲ್ಲಿನ ತೆರಿಗೆ ರಿಯಾಯಿತಿ ದೊಡ್ಡ ಕಾರಣ. ಒಟ್ಟಾವಾ ಬಳಿಯ ಆಲ್ಮಾಂಟ್ ಎಂಬ ಪುಟ್ಟ ಊರು ತೆರೆಯ ಮೇಲೆ ಮತ್ತೆ ಮತ್ತೆ ಅಮೆರಿಕದ ಬೇರೆ ಬೇರೆ ಊರುಗಳಾಗಿ ವೇಷ ಬದಲಿಸಿದೆ. ಒಂದು ತಕರಾರನ್ನೂ ಹೇಳಲೇಬೇಕು. ಈ ಹಿಮದ ಊರುಗಳಲ್ಲಿ ಬಹುಕಾಲ ಬಿಳಿಯರ ಪ್ರೇಮಕ್ಕೆ ಮಾತ್ರ ನಡುಮನೆಯಲ್ಲಿ ಜಾಗವಿತ್ತು. ಇಬ್ಬರು ಗಂಡಸರ ಪ್ರೇಮವನ್ನೇ ಕಥೆಯ ಕೇಂದ್ರಕ್ಕೆ ತರಲು ಈ ವಾಹಿನಿ 2022ರವರೆಗೆ ಕಾಯಿತು. ಇಷ್ಟೊಂದು ಪ್ರೀತಿಯನ್ನು ಹಂಚುವವರು ಅದನ್ನು ಇನ್ನೂ ಬೇಗ ಮಾಡಬಹುದಿತ್ತು.

(ತೆರೆಯ ಮೇಲೆ: ಬೀದಿದೀಪದ ಕೆಳಗೆ ನಿಂತ ಜೋಡಿ, ಚಿತ್ರ ನಿಧಾನವಾಗಿ ಹತ್ತಿರವಾಗುತ್ತದೆ)

ಪ್ರಶ್ನೆ ಕೇಳಿದ ಅಮ್ಮನವರಿಗೆ ಒಂದು ಕೆಲಸ ಕೊಡುತ್ತೇನೆ. ಮುಂದಿನ ಡಿಸೆಂಬರಿನಲ್ಲಿ ಮಗಳ ಜೊತೆ ಕುಳಿತು ಈ ಚಿತ್ರ ನೋಡುವಾಗ, ಹೊರಾಂಗಣದ ಮಾತುಕತೆಯಲ್ಲಿ ಇಬ್ಬರ ಬಾಯಿಯ ಹತ್ತಿರ ಗಮನಿಸಿ. ಅಷ್ಟು ಹಿಮದ ನಡುವೆಯೂ ಉಸಿರಿನ ಆವಿ ಕಾಣದಿದ್ದರೆ, ಹಿಂದಿನ ಮರವನ್ನು ನೋಡಿ. ಎಲ್ಲೋ ಒಂದು ಕೊಂಬೆಯಲ್ಲಿ ಹಸಿರು ಎಲೆ ಸಿಗಬಹುದು.