ಕೂಸಿನ ಸೀಟು ತರಲು ಹೋಗುವಾಗ ಕಾರನ್ನೂ ತೆಗೆದುಕೊಂಡು ಹೋಗಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ, ಅದೂ ಈ ಚಳಿಯಲ್ಲಿ, ಇಷ್ಟು ಜನ ಬಂದಿದ್ದೀರಿ. ಜನವರಿ ಅಂದ್ರೆ ರಸ್ತೆ ಸುರಕ್ಷತಾ ಮಾಸ. ಹೆಲ್ಮೆಟ್ ಬಗ್ಗೆ, ಕುಡಿದು ಓಡಿಸುವುದರ ಬಗ್ಗೆ ಸಾಕಷ್ಟು ಕೇಳಿರುತ್ತೀರಿ. ನಾನು ಅದನ್ನು ಮತ್ತೆ ಹೇಳುವುದಿಲ್ಲ. ಈಗ ಒಳಗೆ ಬರುವ ಮುಂಚೆ ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದೆ. ಸಣ್ಣ ಮಕ್ಕಳಿದ್ದ ಕಾರು ಒಂಬತ್ತು ಬಂದವು. ಒಂಬತ್ತರಲ್ಲೂ ಕೂಸು ತೊಡೆ ಮೇಲೆ. ಎರಡರಲ್ಲಿ ಮುಂದಿನ ಸೀಟಿನಲ್ಲೇ. ಅದನ್ನು ನೋಡಿದ ಮೇಲೆ, ಬರೆದುಕೊಂಡು ಬಂದ ಮೊದಲ ಎರಡು ಪುಟ ಮಡಚಿಟ್ಟಿದ್ದೇನೆ. ಇವತ್ತಿನ ಮಾತು ಕೂಸಿನ ಸೀಟಿನ ಬಗ್ಗೆ, ಅಂದ್ರೆ ಕಾರಿನ ಸೀಟಿಗೆ ಬಿಗಿದು, ಕೂಸಿಗೆ ಪಟ್ಟಿ ಹಾಕಿ ಕೂರಿಸುವ ಪುಟ್ಟ ಸೀಟು.

ತೊಡೆ ಸೀಟಲ್ಲ. ಇವತ್ತು ಇದನ್ನು ಎಷ್ಟು ಸಲ ಹೇಳುತ್ತೇನೋ ಗೊತ್ತಿಲ್ಲ, ಬೇಸರ ಮಾಡಿಕೊಳ್ಳಬೇಡಿ.

ಒಂದು ಸಣ್ಣ ಲೆಕ್ಕ. ಗಂಟೆಗೆ 50 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ ಸುಮಾರು 14 ಮೀಟರ್. ಎದುರಿಗೆ ಏನಕ್ಕೋ ಗುದ್ದಿ ಕಾರು ಸೆಕೆಂಡಿನ ಹತ್ತರಲ್ಲೊಂದು ಭಾಗದಲ್ಲಿ ನಿಂತುಬಿಟ್ಟಿತು ಅಂದುಕೊಳ್ಳಿ. ಆಗ 10 ಕಿಲೋ ತೂಕದ ಕೂಸನ್ನು ಹಿಡಿದು ನಿಲ್ಲಿಸಲು ಸುಮಾರು 140 ಕಿಲೋ ಎತ್ತುವಷ್ಟು ಬಲ ಬೇಕು. ನಮ್ಮ ಕಡೆ ಅಡಿಕೆ ಮೂಟೆ 65-70 ಕಿಲೋ ತೂಗುತ್ತದೆ, ಅಲ್ವಾ? ಅಂಥ ಎರಡು ಮೂಟೆ ಒಟ್ಟಿಗೆ. ಮಂಡಿಯಲ್ಲಿ ಹಮಾಲರು ಒಂದು ಮೂಟೆ ಬೆನ್ನಿಗೇರಿಸಲು ಹೇಗೆ ಉಸಿರು ಬಿಗಿಹಿಡಿಯುತ್ತಾರೆ ಅಂತ ನೋಡಿದ್ದೀರಿ. ಅಜ್ಜಿಯ ಎರಡು ಕೈ ಎರಡು ಮೂಟೆ ತಡೆಯುವುದು ಹೇಗೆ? ಪ್ರೀತಿಗೆ ಕೊರತೆ ಅಂತಲ್ಲ. ಕೈಗೆ ಅಷ್ಟು ಬಲ ಇಲ್ಲ, ಅಷ್ಟೇ.

ಕಾನೂನಿನ ಮಾತನ್ನೂ ಒಂದೇ ಉಸಿರಿಗೆ ಹೇಳಿಬಿಡುತ್ತೇನೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಬಂತು. ಅದರ 194ಬಿ ಸೆಕ್ಷನ್ ಪ್ರಕಾರ 14 ವರ್ಷದೊಳಗಿನ ಮಗುವನ್ನು ಬೆಲ್ಟ್ ಇಲ್ಲದೆ, ಮಗುವಿನ ಸೀಟೂ ಇಲ್ಲದೆ ಕರೆದುಕೊಂಡು ಹೋದರೆ 1000 ರೂಪಾಯಿ ದಂಡ. ಆದರೆ ದಂಡಕ್ಕೆ ಹೆದರಿ ಯಾರೂ ಸೀಟು ಹಾಕಿಸುವುದು ಬೇಡ. ಕೂಸಿಗಾಗಿ ಹಾಕಿಸಿ.

ಈಗ ನನ್ನ ಕಥೆ. ನನ್ನದು ಸಣ್ಣ ಕಾರು. ಟರ್ಬೊ ಎಂಜಿನ್, ತಗ್ಗಿದ ಬಾಡಿ, ಗಟ್ಟಿ ಸಸ್ಪೆನ್ಷನ್, ಒಳಗೆಲ್ಲಾ ಕಪ್ಪು. ಮುಂದಿನ ಸೀಟು ಎರಡೂ ಕಡೆ ಸೊಂಟ ಅಪ್ಪಿ ಹಿಡಿಯುವಂಥವು. ಮದುವೆಗೂ ಮುಂಚೆ ನನ್ನ ಸಂಬಳದಲ್ಲಿ ಕೊಂಡಿದ್ದು. ಆಗುಂಬೆ ಘಾಟಿಯ 14 ತಿರುವುಗಳನ್ನು ಆ ಕಾರಿನಲ್ಲಿ ಹತ್ತುವ ಖುಷಿ ಬೇರೆಯೇ. ಬಸುರಿ ಅಂತ ಗೊತ್ತಾದ ದಿನದಿಂದ ಮನೆಗೆ ಬಂದವರೆಲ್ಲರದ್ದೂ ಒಂದೇ ಮಾತು: "ಇದನ್ನು ಮಾರಿ ದೊಡ್ಡದು ತಗೊಳ್ಳಿ, ಇದರಲ್ಲಿ ಕೂಸಿನ ಸೀಟು ಎಲ್ಲಿ ಕೂರುತ್ತೆ?" ಕೂರುತ್ತದೆ. ಅದನ್ನು ಹೇಳಲಿಕ್ಕೇ ನಾನು ಬಂದಿರುವುದು. ಯಾವ ಸೀಟು, ಎಲ್ಲಿ, ಹೇಗೆ ಅಂತ ಗೊತ್ತಿರಬೇಕು.

ಮಗಳು ಹುಟ್ಟಿದ್ದು ಶಿವಮೊಗ್ಗದಲ್ಲಿ. ಬಾಣಂತನಕ್ಕೆ ತೀರ್ಥಹಳ್ಳಿ ಹತ್ತಿರದ ತವರುಮನೆಗೆ ಹೋಗಬೇಕು, ಸುಮಾರು 60 ಕಿಲೋಮೀಟರ್. ತೊಟ್ಟಿಲು ತಂದಿದ್ದೆವು, ಸೊಳ್ಳೆಪರದೆ ತಂದಿದ್ದೆವು, ಕುಲಾವಿಯೇ ಆರು ಇದ್ದವು. ಸೀಟು ಆಮೇಲೆ ತಂದರಾಯ್ತು ಅಂತ ಬಿಟ್ಟಿದ್ದೆವು. ಅಮ್ಮ ಕೂಸನ್ನು ಬಟ್ಟೆಯಲ್ಲಿ ಸುತ್ತಿ ತೊಡೆ ಮೇಲೆ ಇಟ್ಟುಕೊಂಡು ಹಿಂದೆ ಕೂತರು. "ನೀನೂ ಇದೇ ತೊಡೆ ಮೇಲೆ ಬೆಳೆದವಳಲ್ಲೇನೇ, ನಿಂಗೇನಾಗಿದೆ ಹೇಳು" ಅಂದರು. ನಾನೂ ಸುಮ್ನಾದೆ. ಸಕ್ರೆಬೈಲು ದಾಟಿತು. ಮಂಡಗದ್ದೆ ಹತ್ತಿರ ಒಂದು ದನ ಬಲಗಡೆಯಿಂದ ರಸ್ತೆಗೆ ನುಗ್ಗಿತು. ಮನೆಯವರು ಓಡಿಸುತ್ತಿದ್ದರು, ವೇಗ 40 ಇರಬಹುದು. ಗಟ್ಟಿಯಾಗಿ ಬ್ರೇಕ್ ಒತ್ತಿದರು. ಏನಕ್ಕೂ ತಾಗಲಿಲ್ಲ, ದನ ಅದರ ಪಾಡಿಗೆ ದಾಟಿ ಹೋಯಿತು. ಆದರೆ ಹಿಂದೆ ಕೂಸು ಬಟ್ಟೆಯ ಸುತ್ತಿನ ಸಮೇತ ಅಮ್ಮನ ಕೈಯಿಂದ ಜಾರಿ ಮೊಣಕಾಲಿನವರೆಗೆ ಹೋಗಿತ್ತು. ತಲೆಗೂ ಮುಂದಿನ ಸೀಟಿನ ಬೆನ್ನಿಗೂ ನಡುವೆ ಇದ್ದದ್ದು ನನ್ನ ನಾಲ್ಕು ಬೆರಳಿನಷ್ಟು ಜಾಗ. ಮಗಳಿಗೆ ಎಚ್ಚರವೂ ಆಗಲಿಲ್ಲ. ಅಮ್ಮ ತೀರ್ಥಹಳ್ಳಿ ಬರುವವರೆಗೆ ಮಾತಾಡಲಿಲ್ಲ. ಮನೆ ಮುಟ್ಟಿ ಕಾಲು ತೊಳೆಯುವಾಗ ಒಂದೇ ಮಾತು ಅಂದರು: "ಕೈ ಜಾರಿತಲ್ಲೇ." ಆ ದನಿ ನಂಗೆ ಈಗಲೂ ಕೇಳುತ್ತದೆ.

ಅದು ಬರೀ ಬ್ರೇಕ್. ಡಿಕ್ಕಿ ಅಲ್ಲ. ತೊಡೆ ಸೀಟಲ್ಲ ಅಂತ ನಾನು ಹೇಳುವುದು ಪುಸ್ತಕ ಓದಿ ಅಲ್ಲ.

ಮಾರನೇ ವಾರವೇ ಸೀಟು ಬಂತು. ಅಂಗಡಿಯವರು ಫೋನಿನಲ್ಲಿ "ಎಲ್ಲಾ ಕಾರಿಗೂ ಆಗುತ್ತೆ ಮೇಡಂ" ಅಂದಿದ್ದರು. ಸುತ್ತಲೂ ತಿರುಗುವ ಸೀಟು, ಚೆಂದ ಇತ್ತು, ಬೆಲೆಯೂ ಜಾಸ್ತಿ. ತವರುಮನೆಯ ಮುಂದೆ ಕಾರು ನಿಲ್ಲಿಸಿ ಹಾಕಲು ಕೂತೆವು. ಅದರಲ್ಲಿ ಎರಡು ಕೊಂಡಿ ಇರುತ್ತವೆ, ಅವನ್ನು ಕಾರಿನ ಹಿಂದಿನ ಸೀಟಿನ ಸಂದಿಯಲ್ಲಿರುವ ಎರಡು ಕಬ್ಬಿಣದ ಕಂಬಿಗೆ ಸಿಕ್ಕಿಸಬೇಕು. ಇದೇ ಐಸೋಫಿಕ್ಸ್. ಕಂಬಿ ಪೆನ್ಸಿಲ್ ದಪ್ಪ, 6 ಮಿಲಿಮೀಟರ್. ಒಂದಕ್ಕೂ ಇನ್ನೊಂದಕ್ಕೂ 28 ಸೆಂಟಿಮೀಟರ್ ದೂರ. ಕಾರಿನ ಪುಸ್ತಕದಲ್ಲಿ ಇದೆ ಅಂತ ಬರೆದಿದೆ. ಹುಡುಕಿದರೆ ಇಲ್ಲ! ಸಂದಿಯಲ್ಲಿ ಕೈ ಹಾಕಿದರೆ ಬರೀ ರೆಕ್ಸಿನ್. ಆಮೇಲೆ ಗೊತ್ತಾಯಿತು, ಕಾರು ಕೊಂಡ ವಾರವೇ ಹಾಕಿಸಿದ್ದ ಸೀಟ್ ಕವರ್ ಕಂಬಿಯ ಮೇಲೇ ಬಿಗಿಯಾಗಿ ಎಳೆದು ಹೊಲಿದುಬಿಟ್ಟಿದ್ದರು. ಹೊಲಿದವರಿಗೆ ಅದು ಏನಕ್ಕೆ ಅಂತ ಗೊತ್ತಿಲ್ಲ, ಹಾಕಿಸಿದ ನಂಗೂ ಗೊತ್ತಿರಲಿಲ್ಲ. ಅಪ್ಪಯ್ಯ ಒಳಗಿಂದ ಬ್ಲೇಡ್ ತಂದು, ಕನ್ನಡಕ ಹಾಕಿಕೊಂಡು, ಹಿಂದಿನ ಸೀಟಿನ ಮೇಲೆ ಮಂಡಿಯೂರಿ ಒಂದೊಂದೇ ಹೊಲಿಗೆ ಬಿಡಿಸಿದರು. ಒಳಗೆ ಎರಡೂ ಕಂಬಿ ಹೊಸದರ ಹಾಗೆ ಹೊಳೆಯುತ್ತಿದ್ದವು. ಮೂರು ವರ್ಷ ಕಾರಿನಲ್ಲೇ ಇದ್ದವು, ನಾವು ಕಣ್ಣು ಬಿಟ್ಟು ನೋಡಿರಲಿಲ್ಲ.

ನಿಮ್ಮ ಕಾರಿನಲ್ಲೂ ಇವತ್ತು ಮನೆಗೆ ಹೋಗುವ ಮುಂಚೆ ಕೈ ಹಾಕಿ ನೋಡಿ. ಹಾಗೇ ಡಿಕ್ಕಿ ತೆರೆದು ಹಿಂದಿನ ಸೀಟಿನ ಬೆನ್ನನ್ನೂ ನೋಡಿ. ಸಾಮಾನ್ಯವಾಗಿ ಅಲ್ಲಿ ಇನ್ನೊಂದು ಕೊಕ್ಕೆ ಇರುತ್ತದೆ. ಅದು ಟಾಪ್ ಟೆದರ್. ಸೀಟು ಮುಂದಕ್ಕೆ ಮುಗ್ಗರಿಸದ ಹಾಗೆ ಮೇಲಿನಿಂದ ಎಳೆದು ಹಿಡಿಯುವ ಪಟ್ಟಿಗೆ ಅದು. ಕೆಲವು ಸೀಟಿಗೆ ಪಟ್ಟಿಯ ಬದಲು ನೆಲಕ್ಕೆ ಊರುವ ಒಂದು ಕಾಲು ಇರುತ್ತದೆ. ಕಾಲು ಗಟ್ಟಿ ನೆಲದ ಮೇಲೇ ನಿಲ್ಲಬೇಕು. ಕೆಳಗೆ ಪೊಳ್ಳು ಪೆಟ್ಟಿಗೆ ಇದ್ದರೆ ಆಗದು. ದಪ್ಪ ಮ್ಯಾಟ್ ಇದ್ದರೆ ತೆಗೆಯಿರಿ.

ಸರಿ, ಸೀಟು ಕೂತಿತು. ಈಗ ಮುಂದಿನ ಸೀಟಿನ ಸರದಿ. ಎಳೇ ಕೂಸಿನ ಸೀಟು ಕಾರಿನ ಹಿಂದಕ್ಕೆ ಮುಖ ಮಾಡಿರಬೇಕು, ಏಕೆ ಅಂತ ಆಮೇಲೆ ಹೇಳುತ್ತೇನೆ. ಅದಕ್ಕೆ ಉದ್ದ ಜಾಸ್ತಿ ಬೇಕು. ಮುಂದಿನ ಸೀಟು ಎಳೆದೂ ಎಳೆದೂ ಮುಂದೆ ತಂದಾಗ ಮನೆಯವರ ಮೊಣಕಾಲು ಡ್ಯಾಶ್‌ಬೋರ್ಡಿಗೆ ಒತ್ತಿತು. ಅವರು ಆರಡಿ. ನಮ್ಮ ದೇಶದ ಸಣ್ಣ ಕಾರುಗಳು ಹೀಗೇಕೆ ಅಂದ್ರೆ, 2006ರಿಂದ 4 ಮೀಟರ್ ಒಳಗಿನ ಉದ್ದದ ಕಾರಿಗೆ ತೆರಿಗೆ ಕಡಿಮೆ. ಪೆಟ್ರೋಲ್ ಆದರೆ ಎಂಜಿನ್ 1200 ಸಿಸಿ ಮೀರಬಾರದು. ಆ 4 ಮೀಟರಿನೊಳಗೆ ಎಂಜಿನ್, ಡಿಕ್ಕಿ, ಐದು ಜನ ಎಲ್ಲಾ ಹಿಡಿಸಬೇಕು. ಸ್ಪೋರ್ಟಿ ಕಾರಾದರೆ ಮುಂದಿನ ಸೀಟಿನ ಬೆನ್ನೂ ದಪ್ಪ. ಹಿಂದೆ ಕೂರುವವರ ಕಾಲಿನ ಜಾಗವೇ ಕಳೆಯುವುದು.

ಅಲ್ಲಿಗೇ ಮುಗಿಯಲಿಲ್ಲ. ಸೀಟಿನ ಪಕ್ಕದಲ್ಲಿ ಒಂದು ಗೆರೆ ಇರುತ್ತದೆ, ಕೆಲವದರಲ್ಲಿ ಗಾರೆ ಕೆಲಸದವರ ರಸಮಟ್ಟದ ಹಾಗೆ ಗುಳ್ಳೆ. ಒರಗು ಸರಿ ಇದೆಯೋ ಇಲ್ಲವೋ ಅಂತ ಅದು ಹೇಳುತ್ತದೆ. ಎಳೇ ಕೂಸಿಗೆ ಸುಮಾರು 45 ಡಿಗ್ರಿ ಒರಗು ಬೇಕು. ನೆಟ್ಟಗಾದರೆ ನಿದ್ದೆಯಲ್ಲಿ ತಲೆ ಮುಂದಕ್ಕೆ ಬಿದ್ದು ಗದ್ದ ಎದೆಗೆ ಒತ್ತಿ ಉಸಿರಿನ ದಾರಿ ಕಟ್ಟುತ್ತದೆ. ಸ್ಪೋರ್ಟಿ ಕಾರಿನ ಹಿಂದಿನ ಸೀಟು ಬೆನ್ನಿನ ಕಡೆ ಗುಂಡಿಯ ಹಾಗೆ ಇಳಿದಿರುತ್ತದೆ, ಹಾಗಾಗಿ ಕೂಸಿನ ಸೀಟಿನ ಕಾಲಿನ ಭಾಗ ಕೆಳಗಿಳಿದು ತಲೆಯ ಭಾಗ ಎದ್ದು ನಿಲ್ಲುತ್ತದೆ. ನಮ್ಮದರಲ್ಲಿ ಗುಳ್ಳೆ ಸರಿಯಾಗಿ ನಡುವೆ ಬಂದಿತ್ತು, ಸಮಾಧಾನವಾಯಿತು. ಆಮೇಲೆ ಅಪ್ಪಯ್ಯನೇ ಕೇಳಿದರು, "ಕಾರು ನಿಂತಿರುವ ಜಾಗ ಮಟ್ಟ ಇದೆಯಾ?" ಮಲೆನಾಡಿನ ಮನೆಯಲ್ಲಿ ಮಟ್ಟವಾದ ಜಾಗ ಅಂದ್ರೆ ಅಡಿಕೆ ಒಣಗಿಸುವ ಅಂಗಳ, ಅಲ್ಲಿಗೆ ಕಾರು ಬಿಡುವುದಿಲ್ಲ. ಕಾರು ನಿಲ್ಲುವುದು ಧರೆಯ ಪಕ್ಕದ ಇಳಿಜಾರಿನಲ್ಲಿ. ರಸ್ತೆಗೆ ತಂದು ಮಟ್ಟಕ್ಕೆ ನಿಲ್ಲಿಸಿದರೆ ಗುಳ್ಳೆ ಪೂರ್ತಿ ಒಂದು ಕಡೆಗೆ ಓಡಿತು. ಇದನ್ನು ಮರೆಯಬೇಡಿ, ನಮ್ಮ ಊರುಗಳಲ್ಲಿ ಇದು ತುಂಬಾ ಮುಖ್ಯ.

ಸೀಟು ವಾಪಸ್ ಮಾಡಿದೆವು. ಎರಡನೇ ಸಲ ಕಾರನ್ನೇ ಅಂಗಡಿ ಬಾಗಿಲಿಗೆ ತೆಗೆದುಕೊಂಡು ಹೋದೆ. ಮಗಳೂ ಜೊತೆಗೆ. ಮೂರು ಸೀಟು ಇಟ್ಟು ನೋಡಿದೆವು. ಮೂರನೆಯದು ಸರಿಯಾಯಿತು, ಅಗಲ ಕಡಿಮೆ, ಒರಗು ಬದಲಾಯಿಸಬಹುದು, ಮುಂದಿನ ಸೀಟಿನಲ್ಲಿ ನಾನು ಆರಾಮಾಗಿ ಕೂರುತ್ತೇನೆ. ಮನೆಯವರು ಡ್ರೈವರ್ ಸೀಟಿಗೆ, ಕೂಸು ಎಡಗಡೆ ನನ್ನ ಹಿಂದೆ. ಎಡಗಡೆಯಾದರೆ ಇಳಿಸುವಾಗ ರಸ್ತೆಯ ಅಂಚಿಗೆ ಇಳಿಸಬಹುದು. ಬೆಲೆ ಮೊದಲನೆಯದರ ಅರ್ಧ. ಕಾರು, ಸೀಟು, ಕೂಸು ಮೂರೂ ಒಂದಕ್ಕೊಂದು ಹೊಂದಬೇಕು. ಫೋನಿನಲ್ಲಿ, ಫೋಟೋದಲ್ಲಿ ಅದು ಗೊತ್ತಾಗದು.

ಯಾವ ಸೀಟು ಅಂತ ಕೇಳುತ್ತೀರಿ. ಹುಟ್ಟಿದ ಕೂಸಿಗೆ ಎರಡು ದಾರಿ. ಒಂದು ಹಿಡಿ ಇರುವ ಬುಟ್ಟಿಯಂಥದ್ದು, 13 ಕಿಲೋವರೆಗೆ. ಅದನ್ನು ಕೂಸಿನ ಸಮೇತ ಎತ್ತಿ ಒಳಗೆ ಸಿಕ್ಕಿಸಬಹುದು. ಜೂನ್ ಜುಲೈ ಮಳೆಯಲ್ಲಿ, ಒಂದು ಕೈಯಲ್ಲಿ ಕೊಡೆ ಹಿಡಿದವರಿಗೆ ಅದರ ಬೆಲೆ ಗೊತ್ತಾಗುತ್ತದೆ. ತಗ್ಗಿದ ಚಾವಣಿಯ ಕಾರಿನಲ್ಲಿ ಬಗ್ಗಿ ಬೆಲ್ಟ್ ಹಾಕುವ ಕಷ್ಟವೂ ಇಲ್ಲ. ಆದರೆ ಸುಮಾರು ಒಂದು ವರ್ಷಕ್ಕೆ ಚಿಕ್ಕದಾಗುತ್ತದೆ. ಇನ್ನೊಂದು 18 ಕಿಲೋವರೆಗೆ ಬರುವ ಸೀಟು, ಮೊದಲು ಹಿಂದಕ್ಕೆ ಮುಖ, ಆಮೇಲೆ ಮುಂದಕ್ಕೆ. ಎರಡರಲ್ಲೂ ಕಿತ್ತಳೆ ಬಣ್ಣದ ಸ್ಟಿಕ್ಕರ್ ಹುಡುಕಿ. ಯಾವ ವಿಶ್ವಸಂಸ್ಥೆ ಸುರಕ್ಷತಾ ನಿಯಮದಂತೆ ಸೀಟು ಪಾಸಾಗಿದೆ ಅಂತ ಅದರಲ್ಲಿರುತ್ತದೆ. ಆರ್44 ಅಂತ ಇದ್ದರೆ ತೂಕದ ಲೆಕ್ಕ, ಆರ್129 ಅಂತ ಇದ್ದರೆ ಎತ್ತರದ ಲೆಕ್ಕ. ಆರ್129 ಹೊಸದು, 2013ರಲ್ಲಿ ಬಂದದ್ದು, ಪಕ್ಕದಿಂದ ಬೀಳುವ ಪೆಟ್ಟಿನ ಪರೀಕ್ಷೆಯೂ ಅದರಲ್ಲಿದೆ. ಅದರ ಪ್ರಕಾರ 15 ತಿಂಗಳು ತುಂಬುವವರೆಗೆ ಹಿಂದಕ್ಕೆ ಮುಖ ಇರಲೇಬೇಕು. ಅದಕ್ಕಿಂತ ಜಾಸ್ತಿ ದಿನ ಇಟ್ಟರೆ ಇನ್ನೂ ಒಳ್ಳೆಯದು.

ಏಕೆ ಅಂದ್ರೆ, ಎಳೇ ಕೂಸಿನ ತಲೆ ಮೈಯ ಉದ್ದದ ಕಾಲು ಭಾಗ. ನಮ್ಮದು ಎಂಟರಲ್ಲೊಂದು ಭಾಗ. ಅಷ್ಟು ಭಾರದ ತಲೆ, ಮೂಳೆ ಇನ್ನೂ ಬಲಿಯದ ಕುತ್ತಿಗೆ. ಹಿಂದಕ್ಕೆ ಮುಖ ಇದ್ದರೆ ಪೆಟ್ಟು ಬೆನ್ನು, ತಲೆ, ಕುತ್ತಿಗೆಗೆ ಒಟ್ಟಿಗೆ ಹಂಚಿಹೋಗುತ್ತದೆ. "ಕಾಲು ಮಡಚಿಕೊಂಡಿದೆ ಪಾಪ" ಅಂತ ತಿರುಗಿಸಬೇಡಿ. ಮಕ್ಕಳಿಗೆ ಕಾಲು ಮಡಚಿ ಕೂರುವುದು ಸುಖವೇ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳುತ್ತೇನೆ, ಒಂದು ಮಾತ್ರ ಒತ್ತಿ ಹೇಳಬೇಕು. ಹಿಂದೆ ಜಾಗ ಇಲ್ಲ ಅಂತ ಮುಂದಿನ ಸೀಟಿನಲ್ಲಿ ಹಿಂಮುಖ ಸೀಟು ಇಡಬೇಡಿ. ಅಲ್ಲಿ ಏರ್‌ಬ್ಯಾಗ್ ಇದೆ. ಅದು ಕಣ್ಣು ಮಿಟುಕಿಸುವುದರೊಳಗೆ ಸಿಡಿದು ತೆರೆಯುತ್ತದೆ, ಮತ್ತು ಅದು ಬಡಿಯುವುದು ಕೂಸಿನ ತಲೆಯ ಹಿಂದಿರುವ ಸೀಟಿನ ಬೆನ್ನಿಗೇ. ಬಿಸಿಲು ತಡೆಯುವ ಮುಂದಿನ ಪಟ್ಟಿಯಲ್ಲಿ ಅಡ್ಡಗೆರೆ ಎಳೆದ ಚಿತ್ರ ಇರುತ್ತದೆ, ದಿನಾ ನೋಡಿಯೂ ನೋಡುವುದಿಲ್ಲ ನಾವು. ಎರಡೇ ಸೀಟಿನ ಕಾರಾದರೆ ಏರ್‌ಬ್ಯಾಗ್ ಆಫ್ ಮಾಡುವ ಸ್ವಿಚ್ ಇದ್ದರೆ ಮಾತ್ರ, ಕಾರಿನ ಪುಸ್ತಕ ಒಪ್ಪಿದರೆ ಮಾತ್ರ.

ಐಸೋಫಿಕ್ಸ್ ಇಲ್ಲದ ಹಳೇ ಕಾರಿಗೆ ಬೆಲ್ಟಿನಿಂದ ಕಟ್ಟುವ ಸೀಟು ಇದೆ, ಅದೂ ಗಟ್ಟಿಯೇ. ಬೆಲ್ಟಿನ ಉದ್ದ ಸಾಲುತ್ತದಾ ಅಂತ ಕೊಳ್ಳುವ ಮುಂಚೆ ನೋಡಿ. ಹಾಕಿದ ಮೇಲೆ ಬೆಲ್ಟ್ ಹಾದುಹೋಗುವ ಜಾಗ ಹಿಡಿದು ಅಲ್ಲಾಡಿಸಿ, ಒಂದು ಇಂಚಿಗಿಂತ ಜಾಸ್ತಿ ಆಡಬಾರದು. ಕೂಸಿನ ಹೆಗಲಿನ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿ ನೋಡಿ, ಮಡಿಕೆ ಸಿಗಬಾರದು. ಚಳಿ ಅಂತ ದಪ್ಪ ಸ್ವೆಟರ್ ಹಾಕಿ ಬೆಲ್ಟ್ ಕಟ್ಟಬೇಡಿ, ಡಿಕ್ಕಿಯಾದಾಗ ಸ್ವೆಟರ್ ಅಮುಕಿಕೊಂಡು ಬೆಲ್ಟ್ ಸಡಿಲವಾಗುತ್ತದೆ. ಮೊದಲು ಬೆಲ್ಟ್, ಅದರ ಮೇಲೆ ಹೊದಿಕೆ. ಅಪಘಾತ ಕಂಡ ಸೀಟು ಪುಕ್ಕಟೆ ಕೊಟ್ಟರೂ ಬೇಡ. ಬೆಂಗಳೂರಿಗೆ ಹೋಗುವವರು ಎರಡು ಗಂಟೆಗೊಮ್ಮೆ ನಿಲ್ಲಿಸಿ ಕೂಸನ್ನು ಎತ್ತಿಕೊಳ್ಳಿ. ಅರಸೀಕೆರೆಯಲ್ಲಿ ಒಮ್ಮೆ, ತುಮಕೂರಿನಲ್ಲಿ ಒಮ್ಮೆ. ಹಾಲು ಕುಡಿಸುವುದೂ ಕಾರು ನಿಲ್ಲಿಸಿಯೇ. ಅತ್ತಿತು ಅಂತ ಓಡುವ ಕಾರಿನಲ್ಲಿ ತೊಡೆಗೆ ತೆಗೆದುಕೊಳ್ಳಬೇಡಿ. ತೊಡೆ ಸೀಟಲ್ಲ.

ಸೀಟು ಹೊರಗೆ ನನ್ನ ಕಾರಿನಲ್ಲೇ ಇದೆ, ಬೇವಿನ ಮರದ ಹತ್ತಿರ ಕೆಂಪು ಕಾರು. ಅಮ್ಮನೂ ಬಂದಿದ್ದಾರೆ. ಪಟ್ಟಿ ಎಷ್ಟು ಬಿಗಿ ಇರಬೇಕು ಅಂತ ನಂಗಿಂತ ಚೆನ್ನಾಗಿ ಅವರೇ ತೋರಿಸುತ್ತಾರೆ. ಕೂಸನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಂದ ಆ ಎರಡು ಕಾರಿನವರು ಮೊದಲು ಬನ್ನಿ.