ಕಸೂತಿಯ ಫೋಟೋ ಹಾಕುತ್ತೀರಾ? ಬಟ್ಟೆ ತಿರುಗಿಸಿಯೂ ತೋರಿಸಿ

[ದೃಶ್ಯ: ಮೇಜಿನ ಮೇಲೆ ಕಸೂತಿ ಹಾಕಿದ ಕಪ್ಪು ಬಟ್ಟೆ. ಕ್ಯಾಮೆರಾ ಮೇಲಿನಿಂದ.]

ನಮಸ್ಕಾರ. ಬಿಡುವು ಸಿಕ್ಕಾಗ ಕಸೂತಿ ಹಾಕುವವರಾ ನೀವು? ಮುಗಿದ ಮೇಲೆ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೋ ಇನ್‌ಸ್ಟಾಗ್ರಾಮ್‌ಗೋ ಹಾಕುತ್ತೀರಾ? ಹಾಗಾದರೆ ಈ ವಿಡಿಯೋ ನಿಮಗೆ. ನಾನು ಕೇಳಿಕೊಳ್ಳುವುದು ಒಂದೇ. ಮುಂದಿನ ಸಲ ಹಂಚಿಕೊಳ್ಳುವಾಗ ಬಟ್ಟೆಯನ್ನು ತಿರುಗಿಸಿ ಹಿಂಬದಿಯನ್ನೂ ತೋರಿಸಿ.

ಯಾಕೆ ಅಂದರೆ, ಮುಂಬದಿ ನೋಡಿದವರು "ತುಂಬಾ ಚೆನ್ನಾಗಿದೆ" ಅನ್ನುತ್ತಾರೆ. ಖುಷಿಯಾಗುತ್ತೆ, ಆಗಲೇಬೇಕು. ಆದರೆ ಅವರಲ್ಲಿ ಯಾರೋ ಒಬ್ಬರಿಗೆ ಇದನ್ನು ತಾನೂ ಹಾಕಬೇಕು ಅನ್ನಿಸಿರುತ್ತೆ. ಸೂಜಿ ಎಲ್ಲಿಂದ ಹೊರಟಿತು, ಎಲ್ಲಿ ತಿರುಗಿತು, ದಾರ ಎಲ್ಲಿ ಮುಗಿಯಿತು ಅನ್ನುವುದು ಅವರಿಗೆ ಬೇಕು. ಅದೆಲ್ಲ ಹಿಂಬದಿಯಲ್ಲಿ ಇರುತ್ತೆ.

[ದೃಶ್ಯ: ಇಳಕಲ್ ಸೀರೆಯ ಸೆರಗು, ನಿಧಾನವಾಗಿ ಒಡಲಿನ ಕಡೆಗೆ.]

ಕಸೂತಿ ಧಾರವಾಡ, ಹುಬ್ಬಳ್ಳಿ, ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯ ಮನೆಮನೆಯ ಕೆಲಸ. ಇಳಕಲ್ ಸೀರೆ, ಕುಬಸ ಅಂದರೆ ರವಿಕೆ, ಮಕ್ಕಳ ತಲೆಗೆ ಹಾಕುವ ಕುಂಚಿಗೆ, ಕುಲಾಯಿ ಎಲ್ಲದರ ಮೇಲೂ ಹಾಕುತ್ತಿದ್ದರು. ಮದುವೆ ಹೆಣ್ಣಿಗೆ ಕೊಡುತ್ತಿದ್ದ ಕಪ್ಪು ಚಂದ್ರಕಾಳಿ ಸೀರೆಯ ಮೇಲಂತೂ ಇರಲೇಬೇಕಿತ್ತು. ಗೋಪುರ, ತುಳಸಿ ವೃಂದಾವನ, ತೇರು, ಅಂಬಾರಿ ಹೊತ್ತ ಆನೆ, ನವಿಲು, ತೊಟ್ಟಿಲು. ಸೆರಗಿನ ಹತ್ತಿರ ದೊಡ್ಡ ಚಿತ್ತಾರ, ಒಡಲಿನ ಕಡೆಗೆ ಹೋದಂತೆ ಚಿಕ್ಕದು, ಬಿಡಿಬಿಡಿ. ಬಟ್ಟೆಯ ಮೇಲೆ ಪೆನ್ಸಿಲಿನಲ್ಲಿ ಚಿತ್ರ ಬರೆದುಕೊಂಡು ಹಾಕುವ ಕೆಲಸ ಅಲ್ಲ ಇದು. ಬಟ್ಟೆಯ ಎಳೆ ಎಣಿಸಿ ಹಾಕುವುದು. ಲೆಕ್ಕ ತಪ್ಪಿದರೆ ಗೋಪುರ ವಾಲುತ್ತೆ.

ಹೊಲಿಗೆ ನಾಲ್ಕು ಬಗೆ. ಗವಂತಿ, ಮುರ್ಗಿ, ನೇಯ್ಗಿ, ಮೆಂಥಿ. ಮೆಂಥಿ ಅಂದರೆ ಒಂದು ಎಳೆ ಇನ್ನೊಂದನ್ನು ಓರೆಯಾಗಿ ದಾಟುವ ಕ್ರಾಸ್ ಹೊಲಿಗೆ. ನೇಯ್ಗಿ ನೋಡಲು ಬಟ್ಟೆಯಲ್ಲೇ ನೇಯ್ದ ಹಾಗಿರುತ್ತೆ. ಇವೆರಡರಲ್ಲಿ ಹಿಂದು ಮುಂದು ಬೇರೆ ಬೇರೆ. ಗವಂತಿ ಮತ್ತು ಮುರ್ಗಿಯಲ್ಲಿ ಮಾತ್ರ ಎರಡೂ ಬದಿ ಒಂದೇ ಥರ. ಮುರ್ಗಿ ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತೆ. ಗವಂತಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಹಿಂಬದಿ ಯಾಕೆ ಮುಖ್ಯ ಅನ್ನುವುದು ಅಲ್ಲೇ ಗೊತ್ತಾಗುತ್ತೆ.

[ದೃಶ್ಯ: ಕ್ಲೋಸಪ್. ಬಿಳಿ ಮ್ಯಾಟಿ ಬಟ್ಟೆ, ಕೆಂಪು ದಾರ, ಮೊಂಡು ತುದಿಯ ಸೂಜಿ. ನಾಲ್ಕು ಹೊಲಿಗೆಯ ಒಂದು ಚೌಕ.]

ಒಂದು ಸಣ್ಣ ಚೌಕ ಹಾಕೋಣ. ನಾಲ್ಕು ಬದಿ, ಬದಿಗೆ ಒಂದೇ ಹೊಲಿಗೆ. ಸೂಜಿ ಕೆಳಗಿನಿಂದ ಒಂದು ಮೂಲೆಯಲ್ಲಿ ಮೇಲೆ ಬಂತು. ಗಂಟು ಹಾಕಿಲ್ಲ, ದಾರದ ತುದಿಯನ್ನು ಹಿಂದೆ ಉದ್ದಕ್ಕೆ ಬಿಟ್ಟಿದ್ದೇನೆ. ಮೊದಲ ಬದಿ ಬಟ್ಟೆಯ ಮೇಲೆ. ಎರಡನೆಯದು ಬಟ್ಟೆಯ ಕೆಳಗೆ. ಮೂರನೆಯದು ಮೇಲೆ. ನಾಲ್ಕನೆಯದು ಕೆಳಗೆ. ಹೊರಟ ಮೂಲೆಗೇ ವಾಪಸ್ ಬಂದೆವು. ಈಗ ಮೇಲೆ ಕಾಣುವುದು ಎರಡೇ ಬದಿ, ಅಲ್ವಾ? ಚೌಕ ಅರ್ಧ ಆಗಿದೆ.

ಈಗ ಬಂದ ದಾರಿಯಲ್ಲೇ ಉಲ್ಟಾ ಹೋಗಬೇಕು. ನಾಲ್ಕನೇ ಬದಿ ಈ ಸಲ ಮೇಲೆ, ಮೂರನೆಯದು ಕೆಳಗೆ, ಎರಡನೆಯದು ಮೇಲೆ, ಮೊದಲನೆಯದು ಕೆಳಗೆ. ಬಟ್ಟೆ ತಿರುಗಿಸಿ ನೋಡಿ. ಹಿಂದೆಯೂ ಪೂರ್ತಿ ಚೌಕ! ಪ್ರತಿ ಗೆರೆಯ ಮೇಲೂ ದಾರ ಎರಡು ಸಲ ಓಡಾಡಿದೆ. ಒಂದು ಸಲ ಮುಂದೆ, ಒಂದು ಸಲ ಹಿಂದೆ. ನನಗೆ ಗವಂತಿಯಲ್ಲಿ ತುಂಬಾ ಇಷ್ಟವಾಗುವುದು ಇದೇ. ಇಡೀ ತೇರು ಹಾಕಿದರೂ ಲೆಕ್ಕ ಇಷ್ಟೇ.

ತೇರಿನಲ್ಲಿ ಕವಲುಗಳು ಜಾಸ್ತಿ ಇರುತ್ತವೆ. ಪತಾಕೆ, ಕಳಸ, ಗಾಲಿಯ ಕಡ್ಡಿ. ದೊಡ್ಡ ದಾರಿಯಲ್ಲಿ ಹೋಗುತ್ತಾ ಕವಲು ಸಿಕ್ಕಿದರೆ ಅದರ ತುದಿಯವರೆಗೆ ಹೋಗಿ, ಅದೇ ದಾರಿಯಲ್ಲಿ ತುಂಬಿಕೊಂಡು ವಾಪಸ್ ಬಂದು, ಮತ್ತೆ ದೊಡ್ಡ ದಾರಿ ಹಿಡಿಯಬೇಕು. ಯಾವ ಕವಲು ಹೋಗುವಾಗ, ಯಾವುದು ಬರುವಾಗ ಅನ್ನುವುದನ್ನು ಮೊದಲೇ ಯೋಚಿಸಿಕೊಂಡಿರಬೇಕು. ಇಲ್ಲದಿದ್ದರೆ ದಾರ ಹಿಂದಿನಿಂದ ಹಾರಿ ಇನ್ನೊಂದು ಕಡೆ ಹೋಗಬೇಕಾಗುತ್ತೆ. ಆ ಉದ್ದ ಎಳೆ ಹಿಂಬದಿಯಲ್ಲಿ ಜೋತುಬೀಳುತ್ತೆ. ಬಟ್ಟೆ ಬಿಳಿಯದಾಗಿ ದಾರ ಗಾಢ ಬಣ್ಣದ್ದಾಗಿದ್ದರೆ ಮುಂದಿನಿಂದಲೂ ಅದರ ನೆರಳು ಕಾಣುತ್ತೆ.

ಹಾಗಾಗಿ ಹಿಂಬದಿಯ ಫೋಟೋ ಅಂದರೆ ನೀವು ನಡೆದ ದಾರಿಯ ಫೋಟೋ. ಕಲಿಯುವವರು ಅದನ್ನು ದೊಡ್ಡದು ಮಾಡಿ ನೋಡುತ್ತಾರೆ. ಓ, ಇಲ್ಲಿ ತುದಿ ಮುಚ್ಚಿದ್ದಾರೆ, ಇಲ್ಲಿ ಹೊಸ ದಾರ ಶುರು ಮಾಡಿದ್ದಾರೆ. ಗಂಟಿಲ್ಲದೆ ತುದಿಯನ್ನು ಅದೇ ಗೆರೆಯ ಹೊಲಿಗೆಗಳ ಅಡಿಯಲ್ಲಿ ಹೇಗೆ ತೂರಿಸಿದ್ದಾರೆ ಅನ್ನುವುದನ್ನು ಎಷ್ಟು ಬಾಯಲ್ಲಿ ಹೇಳಿದರೂ ಅರ್ಥ ಆಗಲ್ಲ. ಒಂದು ಫೋಟೋ ಸಾಕು. ಮೆಂಥಿ, ನೇಯ್ಗಿ ಹಾಕಿದವರೂ ತೋರಿಸಿ. ಹಿಂಬದಿ ಬೇರೆ ಥರ ಇರುವುದು ಆ ಹೊಲಿಗೆಯ ಗುಣ, ನಿಮ್ಮ ಕೈಯ ಕೊರತೆ ಅಲ್ಲ.

ಇದು ಬರೀ ಕಸೂತಿಯ ಮಾತಲ್ಲ. ಸೀರೆ ಕುಚ್ಚಿನ ಎಷ್ಟೋ ರೀಲ್ಸ್‌ಗಳಲ್ಲಿ ಮಣಿ ಪೋಣಿಸುವುದು ಕಾಣುತ್ತೆ, ಗಂಟು ಬಿಗಿಯುವ ಹೊತ್ತಿಗೆ ಸರಿಯಾಗಿ ವಿಡಿಯೋ ಕಟ್ ಆಗಿರುತ್ತೆ. ನೋಡುವವರಿಗೆ ಬೇಕಾಗಿದ್ದು ಆ ಗಂಟೇ.

[ದೃಶ್ಯ: ಕಿಟಕಿಯ ಪಕ್ಕ ನೆಲದ ಮೇಲೆ ಹಾಸಿದ ಬಟ್ಟೆ, ಪಕ್ಕದಲ್ಲಿ ಸ್ಕೇಲು.]

ಫೋಟೋ ತೆಗೆಯುವುದು ಹೇಗೆ? ಬಟ್ಟೆಯನ್ನು ಕಿಟಕಿಯ ಹತ್ತಿರ ಸಪಾಟಾಗಿ ಹಾಸಿ. ಬೆಳಕು ಪಕ್ಕದಿಂದ ಬಂದರೆ ಎಳೆ ಎಳೆಯೂ ಎದ್ದು ಕಾಣುತ್ತೆ, ಫ್ಲಾಶ್ ಬೇಡ. ಫೋನನ್ನು ನೆಟ್ಟಗೆ ಮೇಲಿನಿಂದ ಹಿಡಿಯಿರಿ. ಓರೆಯಾಗಿ ತೆಗೆದರೆ ಎಣಿಸುವವರಿಗೆ ಒಂದು ಕಡೆಯ ಚೌಕಗಳು ಕಿರಿದಾಗಿ ಕಾಣುತ್ತವೆ. ಪಕ್ಕದಲ್ಲಿ ಸ್ಕೇಲೋ ಟೇಪೋ ಇಡಿ. ಹೂವು, ದೀಪ ಇಟ್ಟು ಅಲಂಕಾರ ಮಾಡಿದ ಫೋಟೋವೂ ಇರಲಿ, ಅದು ಬೇರೆ.

ಜೊತೆಗೆ ನಾಲ್ಕು ಸಾಲು ಬರೆಯಿರಿ. ಯಾವ ಬಟ್ಟೆ, ಇಂಚಿಗೆ ಎಷ್ಟು ಚೌಕ, ದಾರದ ಎಷ್ಟು ಎಳೆ ತೆಗೆದುಕೊಂಡಿರಿ. ಅಂಗಡಿಯಲ್ಲಿ ಸಿಗುವ ಕಸೂತಿ ದಾರದ ಲಡಿಯಲ್ಲಿ ಸಾಮಾನ್ಯವಾಗಿ 6 ಎಳೆ ಇರುತ್ತವೆ. ನೀವು ಒಂದೆಳೆಯಲ್ಲಿ ಹಾಕಿದಿರೋ ಎರಡೆಳೆಯಲ್ಲೋ ಅನ್ನುವುದು ಫೋಟೋದಲ್ಲಿ ತಿಳಿಯಲ್ಲ. ಬಟ್ಟೆಯ ಲೆಕ್ಕವೂ ಹಾಗೇ. 40 ಚೌಕ ಅಗಲದ ಗೋಪುರವನ್ನು ಎಣಿಸಲು ಸುಲಭವಾಗುವಂತೆ ಚೌಕ ಚೌಕವಾಗಿ ನೇಯ್ದ, ಇಂಚಿಗೆ 14 ಚೌಕದ ಐಡಾ ಬಟ್ಟೆಯ ಮೇಲೆ ಹಾಕಿದರೆ ಮೂರು ಇಂಚಿಗೆ ಸ್ವಲ್ಪ ಕಡಿಮೆ ಆಗುತ್ತೆ. ಇಂಚಿಗೆ 20 ಚೌಕ ಇದ್ದರೆ ಎರಡೇ ಇಂಚು. ರೇಷ್ಮೆ ಸೀರೆಯ ಮೇಲೆ ಕ್ಯಾನ್ವಾಸ್ ಬಲೆ ಇಟ್ಟು ಹಾಕಿ, ಆಮೇಲೆ ಬಲೆಯ ಎಳೆ ಒಂದೊಂದಾಗಿ ಎಳೆದು ತೆಗೆದಿದ್ದರೆ ಅದನ್ನೂ ಹೇಳಿ. ಇಲ್ಲದಿದ್ದರೆ ಹೊಸಬರು ಅಷ್ಟು ನುಣುಪು ರೇಷ್ಮೆಯ ಮೇಲೆ ಎಳೆ ಹೇಗೆ ಎಣಿಸಿದರಪ್ಪಾ ಅಂತ ಹೆದರಿ ಸುಮ್ನೆ ಕೈಬಿಡುತ್ತಾರೆ.

[ದೃಶ್ಯ: ಗ್ರಾಫ್ ಹಾಳೆ. ನೀಲಿ ಮತ್ತು ಕೆಂಪು ಪೆನ್ನಿನಲ್ಲಿ ವೃಂದಾವನದ ಗೆರೆಗಳು.]

ಸಾಧ್ಯವಾದರೆ ಚಿತ್ತಾರದ ಗ್ರಾಫ್ ಬರೆದು ಕೊಡಿ. ಗವಂತಿಗೆ, ಮುರ್ಗಿಗೆ ಚೌಕ ತುಂಬಬೇಡಿ, ಚೌಕದ ಗೆರೆಗಳ ಮೇಲೆ ಬರೆಯಿರಿ. ಹೋಗುವಾಗ ಮೇಲೆ ಕಾಣುವ ಹೊಲಿಗೆ ನೀಲಿ, ವಾಪಸ್ ಬರುವಾಗಿನದು ಕೆಂಪು. ಶುರುವಿನ ಜಾಗಕ್ಕೆ ಒಂದು ಚುಕ್ಕೆ. ಕವಲುಗಳಿಗೆ ಒಂದು, ಎರಡು, ಮೂರು ಅಂತ ನಂಬರ್. ಆ ಒಂದು ಹಾಳೆ ನೋಡಿಕೊಂಡು ಶಾರ್ಜಾದಲ್ಲೋ ಸಿಡ್ನಿಯಲ್ಲೋ ಇರುವ ಕನ್ನಡದ ಹುಡುಗಿ ಯಾರನ್ನೂ ಕೇಳದೆ ವೃಂದಾವನ ಹಾಕಬಹುದು.

ಚಿತ್ತಾರ ಎಲ್ಲಿಂದ ಬಂತು ಅನ್ನುವುದನ್ನು ಮಾತ್ರ ಬಿಡಬೇಡಿ. ಗೋಪುರ, ತೇರು, ಆನೆಯಂಥ ಹಳೇ ಚಿತ್ತಾರಗಳು ಎಲ್ಲರವು. ಅತ್ತೆಯ ಸೀರೆಯಿಂದ ಎಣಿಸಿ ಬರೆದುಕೊಂಡಿದ್ದರೆ ಹಾಗೇ ಬರೆಯಿರಿ, ಅವರು ಯಾವ ಊರಿನವರು ಅಂತಲೂ ಸೇರಿಸಿ. ಆದರೆ ಇವತ್ತಿನವರು ಯಾರೋ ಹೊಸದಾಗಿ ಕೂತು ರಚಿಸಿ, ಮಾರುತ್ತಿರುವ ಗ್ರಾಫ್ ಅವರದ್ದು. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಬರೆದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತೆ. ಅದರ ಫೋಟೋ ಹೊಡೆದು ಗುಂಪಿಗೆ ಹಾಕುವುದು ತಪ್ಪು. ನೀವು ಹಾಕಿದ ಕಸೂತಿ ತೋರಿಸಿ, ಗ್ರಾಫ್ ಬೇಕಾದವರನ್ನು ಅವರ ಹತ್ತಿರ ಕಳಿಸಿ.

ಹಂಚಿಕೊಂಡ ಮೇಲೆ "ಎಷ್ಟಕ್ಕೆ ಕೊಡ್ತೀರಾ?" ಅನ್ನುವ ಪ್ರಶ್ನೆ ಬಂದೇ ಬರುತ್ತೆ. ಬರೀ ಹವ್ಯಾಸ ಅಂತ ಇರುವವರು ಮಾರಲ್ಲ ಅಂತ ಹೇಳಬಹುದು, ಸಂಕೋಚ ಬೇಡ. ಮಾರುವುದಾದರೆ ಒಂದು ವಿಷಯ ತಿಳಿದಿರಲಿ. ಕರ್ನಾಟಕದ ಕಸೂತಿಗೆ ಜಿಐ, ಅಂದರೆ ಇದು ಇಂಥ ಪ್ರದೇಶದ್ದು ಅಂತ ಗುರುತಿಸುವ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಆ ಗುರುತು ಬಳಸಿ ವ್ಯಾಪಾರ ಮಾಡುವವರು ಅಧಿಕೃತ ಬಳಕೆದಾರರಾಗಿ ನೋಂದಣಿ ಮಾಡಿಸಿಕೊಳ್ಳಲು 1999ರ ಜಿಐ ಕಾಯ್ದೆಯಲ್ಲಿ ದಾರಿ ಇದೆ. ಮಷಿನ್‌ನಲ್ಲಿ ಹಾಕಿದ್ದಕ್ಕೆ, ಕಸೂತಿ ಥರ ಪ್ರಿಂಟ್ ಮಾಡಿದ್ದಕ್ಕೆ ಕೈ ಕಸೂತಿ ಅಂತ ಹೆಸರು ಕೊಡುವುದು ನನಗೆ ನಿಜಕ್ಕೂ ನೋವು ಕೊಡುತ್ತೆ. ಕೊಳ್ಳುವವರಿಗೆ ಫೋನಿನಲ್ಲಿ ವ್ಯತ್ಯಾಸ ಗೊತ್ತಾಗಲ್ಲ. ಕೈಯಲ್ಲಿ ಹಾಕಿದವರು ಗವಂತಿಯ ಹಿಂಬದಿ ತೋರಿಸಿದರೆ ಬೆಲೆ ಯಾಕೆ ಅಷ್ಟು ಅಂತ ವಿವರಿಸುವ ಕೆಲಸವೂ ಅರ್ಧ ಕಡಿಮೆ ಆಗುತ್ತೆ.

[ದೃಶ್ಯ: ಹಳೇ ಚಂದ್ರಕಾಳಿ ಸೀರೆ ಬಿಡಿಸುತ್ತಿರುವ ಎರಡು ಜೊತೆ ಕೈಗಳು.]

ಕೊನೆಯದಾಗಿ, ನಿಮ್ಮ ಕೈಯಿಂದ ಆದ ಕೆಲಸ ಅಲ್ಲದಿದ್ದರೂ ಹಂಚಿಕೊಳ್ಳಬೇಕಾದದ್ದು ಒಂದಿದೆ. ಮನೆಯಲ್ಲಿ ಕಸೂತಿ ಇರುವ ಹಳೇ ಸೀರೆ, ಕುಂಚಿಗೆ ಇದ್ದರೆ ಈ ವಾರವೇ ಹೊರಗೆ ತೆಗೆಯಿರಿ. ಹಳೇ ರೇಷ್ಮೆ ಮಡಿಕೆಯ ಗುಂಟ ಸೀಳುತ್ತೆ, ಚಿತ್ತಾರದ ನಡುವೆ ಸೀಳಿದರೆ ಎಣಿಸಲು ಏನೂ ಉಳಿಯಲ್ಲ. ಸ್ಕೇಲಿಟ್ಟು ಎರಡೂ ಬದಿಯ ಫೋಟೋ ತೆಗೆಯಿರಿ. ಹಾಕಿದವರು ಬದುಕಿದ್ದರೆ ಪಕ್ಕದಲ್ಲಿ ಕೂತು ಕೇಳಿ, ಈ ತೇರನ್ನು ಎಲ್ಲಿಂದ ಶುರು ಮಾಡಿದಿರಿ, ಈ ಕವಲನ್ನು ಯಾವಾಗ ತುಂಬಿದಿರಿ ಅಂತ. ಅವರು ಹೇಳಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ. ಒಪ್ಪಿದರೆ ಹೆಸರು, ಊರು, ಸುಮಾರು ಯಾವ ವರ್ಷ ಹಾಕಿದ್ದು ಅಂತ ಬರೆದು, ಗ್ರಾಫ್ ಜೊತೆಗೆ ಹಾಕಿ. ಸೀರೆಯನ್ನು ವಾಪಸ್ ಇಡುವಾಗ ಮಡಿಕೆ ಬದಲಿಸಿ ಇಡಿ.